ಟಿವಿ ನೋಡಿ ಹೊಲಿದ ಭುಜ

ನಗು ಬರುವ ಸಂಗತಿಗಳು ನನಗೆ ಯಾವಾಗಲೂ ನಗಬಾರದ ಜಾಗದಲ್ಲೇ ಸಿಗುತ್ತವೆ. ವಿಮಾನ ತಪ್ಪಿದಾಗ, ಪಾಸ್‌ಪೋರ್ಟ್ ಕಳೆದಾಗ, ಪರದೇಶದ ಪೊಲೀಸ್ ಠಾಣೆಯ ಬೆಂಚಿನ ಮೇಲೆ. ಮೂವತ್ತು ವರ್ಷ ಟೂರ್ ಮ್ಯಾನೇಜರ್ ಆಗಿ ಜನರನ್ನು ದೇಶದೇಶ ತಿರುಗಿಸಿದವಳಿಗೆ ಅದು ಅಭ್ಯಾಸವೇ ಆಗಿಹೋಗಿತ್ತು. ಆದರೆ ಕಳೆದ ವರ್ಷ ಅವೆಲ್ಲ ಸೇರಿ ನನ್ನ ಬಲಭುಜದಲ್ಲೇ ಬಿಡಾರ ಹೂಡುತ್ತವೆ ಎಂದು ನಾನು ಎಣಿಸಿರಲಿಲ್ಲ.

ಖಾಲಿ ಸೂಟ್‌ಕೇಸು

ನನ್ನದೊಂದು ನಿಯಮವಿದೆ. ನನ್ನ ಬ್ಯಾಗನ್ನು ನಾನೇ ಎತ್ತಬೇಕು. ತಲೆಯ ಮೇಲಿನ ರ‍್ಯಾಕಿಗೆ ಅದನ್ನಿಡಲು ಇನ್ನೊಬ್ಬರ ಕೈ ಬೇಕಾದ ದಿನ, ಒಬ್ಬಳೇ ತಿರುಗುವುದು ಬಂದ್. ಇದನ್ನು ಹೋದಲ್ಲೆಲ್ಲ ಡಂಗುರ ಸಾರಿದ್ದರಿಂದ ಹಿಂದೆಗೆಯುವ ದಾರಿಯೂ ಇರಲಿಲ್ಲ.

ಎಷ್ಟೋ ಊರುಗಳ ರೈಲು, ಬಸ್ಸು, ದೋಣಿಗಳಿಗೆ ಬ್ಯಾಗು ಎತ್ತಿದ ಭುಜ ಹರಿದದ್ದು ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಮನೆಯಲ್ಲೇ. ಸ್ಟೂಲಿನ ಮೇಲೆ ನಿಂತು ಸೂಟ್‌ಕೇಸನ್ನು ಲಾಫ್ಟಿಗೆ ತಳ್ಳುತ್ತಿದ್ದೆ. ಭುಜದೊಳಗೆ ಟಪ್ ಎಂದಿತು. ಸೂಟ್‌ಕೇಸು ಖಾಲಿ. ಒಳಗೆ ಒಂದು ಕಾಲುಚೀಲವಿತ್ತು, ಅದೂ ಒಂಟಿ.

ಸುದ್ದಿ ತಿಳಿದು ಅತ್ತಿಗೆ ಕೋಪರಖೈರಣೆಯಿಂದ ಎಣ್ಣೆಯ ಬಾಟಲಿ ಹಿಡಿದು ಬಂದರು. ಅಣ್ಣನ ಹೆಂಡತಿ, ಉಡುಪಿಯವರು. ಹದಿನೈದು ದಿನ ತಿಕ್ಕಿದ್ದೇ ತಿಕ್ಕಿದ್ದು. ಕೊನೆಗೆ ತಲೆ ಬಾಚಲೂ ಕೈ ಏಳದಾದಾಗ ಸ್ಕ್ಯಾನ್ ಮಾಡಿಸಿದೆವು. ಭುಜದ ಸ್ನಾಯುವನ್ನು ಎಲುಬಿಗೆ ಕಟ್ಟಿಹಾಕುವ ಹುರಿ ಹರಿದಿದೆ ಎಂದು ವರದಿ ಬಂತು.

ಅತ್ತಿಗೆ ಸಿಟ್ಟಾದರು. "ಎಂತ ಮಾರಾಯ್ತಿ, ಮೊದಲೇ ಹೇಳಬಾರದಾ? ಹರಿದದ್ದಕ್ಕೆ ಬೇರೆಯೇ ಎಣ್ಣೆ ಉಂಟು!"

ಸೊಪ್ಪು ಬಿಡಿಸುವುದು

ಪಕ್ಕದ ಠಾಣೆ ಊರಿನ ಆಸ್ಪತ್ರೆಯ ಸರ್ಜನ್ನರು ಧಾರವಾಡದ ಕಡೆಯವರು. ನಮ್ಮ ಕನ್ನಡ ಕೇಳಿದ್ದೇ ಕುರ್ಚಿ ಹತ್ತಿರ ಎಳೆದುಕೊಂಡರು. ಕಪಾಟಿನ ಮೇಲಿನ ಅರೆಯಲ್ಲಿ ಪ್ಲಾಸ್ಟಿಕ್ಕಿನ ಒಂದು ಭುಜ ಇತ್ತು. ಅದನ್ನು ಇಳಿಸಲು ತಾವು ಏಳದೆ ಸಿಸ್ಟರನ್ನು ಕರೆದರು. ದೊಡ್ಡವರ ದೌಲತ್ತು ಅಂದುಕೊಂಡೆ.

"ಸಾವಕಾಶ ಇಳಿಸವ್ವ," ಎಂದು ಸಿಸ್ಟರಿಗೆ ಹೇಳಿ, ಕೂಸನ್ನು ಎತ್ತಿಕೊಂಡ ಹಾಗೆ ಅದನ್ನು ತೊಡೆಯ ಮೇಲಿಟ್ಟುಕೊಂಡರು. "ನೋಡ್ರಿ ಅಕ್ಕಾರ, ಎಮ್ಮಿ ಹಗ್ಗ ಹರಕೊಂಡು ಹೋದ್ರ ಏನ್ ಮಾಡ್ತೀವಿ? ಹೊಸಾ ಗೂಟ ಬಡದು, ಎಳಕೊಂಡು ಬಂದು ಕಟ್ತೀವಿ. ಇದೂ ಹಂಗ. ಎಲುಬಿನ್ಯಾಗ ಸಣ್ಣ ಗೂಟ, ಗೂಟಕ್ಕ ದಾರ, ದಾರದಿಂದ ಹರಿದದ್ದನ್ನ ಜಗ್ಗಿ ಕಟ್ಟೋದು. ದೊಡ್ಡದಾಗಿ ಕೊಯ್ಯಂಗಿಲ್ಲ. ಪೆನ್ಸಿಲ್ ಹೋಗುವಷ್ಟು ತೂತು, ಮೂರೋ ನಾಕೋ. ಒಂದರಾಗ ಕ್ಯಾಮೆರಾ, ಉಳಿದದ್ದರಾಗ ಸೂಜಿ-ಗೀಜಿ."

"ಅಂದರೆ ಭುಜವನ್ನು ಕಣ್ಣಲ್ಲಿ ನೋಡದೆ ಹೊಲಿಯುವುದಾ?" ಅತ್ತಿಗೆ ಕೇಳಿದರು.

"ಎದುರಿಗೆ ಟಿವಿ ಇರತೈತಲ್ರಿ. ಅದನ್ನ ನೋಡಿಕೋತ ಹೊಲೀತೀನಿ."

ಅತ್ತಿಗೆಗೆ ಗಾಬರಿಯಾಯಿತು. "ಡಾಕ್ಟ್ರೇ, ನಾನು ಟಿವಿ ನೋಡ್ತಾ ಸೊಪ್ಪು ಬಿಡಿಸಿದರೆ ಕಡ್ಡಿ ಪಲ್ಯಕ್ಕೆ ಹೋಗ್ತದೆ, ಎಲೆ ಕಸಕ್ಕೆ ಹೋಗ್ತದೆ!"

ಡಾಕ್ಟರು ನಗಲಿಲ್ಲ. "ನೀವು ಧಾರಾವಾಹಿ ನೋಡ್ತೀರಿ ತಾಯಿ. ನಾ ಭುಜಾನ ನೋಡ್ತೀನಿ."

ನನಗೆ ಬೇಕಾದದ್ದು ಒಂದೇ. "ಬ್ಯಾಗನ್ನು ತಲೆಯ ಮೇಲಿನ ರ‍್ಯಾಕಿಗೆ ಎತ್ತಲಾಗುತ್ತದಾ?"

"ಹೊಲಿಯೋದು ನನ್ನ ಕೆಲಸ. ಅದು ಎಲುಬಿಗೆ ಕೂಡಿಕೊಳ್ಳೋತನಕ ಸುಮ್ಮನಿರೋದು ನಿಮ್ಮ ಕೆಲಸ. ಆರು ವಾರ ಕೈ ಕೊರಳಿಗೆ ಕಟ್ಟಿದ ಜೋಳಿಗಿಯೊಳಗ. ಭಾರ ಎತ್ತೋ ಮಾತು ಆರು ತಿಂಗಳಿಗೆ. ನಡುವ ಅವಸರ ಮಾಡಿದ್ರ ಮತ್ತ ಹರೀತದ. ಆಮ್ಯಾಲೆ ನಾನೂ ಏನೂ ಹೇಳಲಾರೆ."

ಸುಮ್ಮನಿರುವುದು! ಇಡೀ ಶಸ್ತ್ರಚಿಕಿತ್ಸೆಯಲ್ಲಿ ನನಗೆ ಭಯ ಹುಟ್ಟಿಸಿದ ಮಾತು ಅದೊಂದೇ.

ಮೂರನೆಯ ಕೈ

ಆಪರೇಷನ್ನಿಗೆ ಮೊದಲು ಕುತ್ತಿಗೆಯ ಬುಡದಲ್ಲಿ ಒಂದು ಸೂಜಿ ಕೊಟ್ಟು ಕೈಯನ್ನು ಪೂರ್ತಿ ಜೋಮು ಹಿಡಿಸಿದ್ದರು. ವಾರ್ಡಿನಲ್ಲಿ ಎಚ್ಚರವಾದಾಗ ಹೊಟ್ಟೆಯ ಮೇಲೆ ಬೆಚ್ಚಗೆ, ಭಾರವಾಗಿ ಯಾರದೋ ಕೈ ಇತ್ತು.

"ಅತ್ತಿಗೆ, ನಿಮ್ಮ ಪ್ರೀತಿ ಗೊತ್ತು. ಕೈ ಸ್ವಲ್ಪ ತೆಗೀರಿ, ಭಾರ," ಎಂದೆ.

ಅತ್ತಿಗೆ ಅತ್ತ ಕಿಟಕಿಯ ಹತ್ತಿರ ಚಹಾ ಕುಡಿಯುತ್ತಿದ್ದರು. ಕಪ್ಪು ಕೆಳಗಿಟ್ಟು ತಮ್ಮ ಎರಡೂ ಕೈ ಎತ್ತಿ ತೋರಿಸಿದರು. "ನನ್ನದು ಎರಡೂ ಇಲ್ಲೇ ಉಂಟು ಮಾರಾಯ್ತಿ. ಅದು ನಿನ್ನದೇ. ನೀನೇ ಇಟ್ಟುಕೋ."

ಸಂಜೆ ಡಾಕ್ಟರು ಫೋನಿನಲ್ಲಿ ವಿಡಿಯೋ ತೋರಿಸಿದರು. ಸಮುದ್ರದೊಳಗೆ ಮುಳುಗಿ ಹವಳದ ದಂಡೆ ನೋಡಿದವಳು ನಾನು. ನನ್ನ ಭುಜದೊಳಗೂ ಅಂಥದೇ ಒಂದು ಲೋಕವಿತ್ತು. ತುಂಬಿದ ನೀರಿನಲ್ಲಿ ಬಿಳಿಯ ಎಳೆಗಳು ತೇಲುತ್ತಿದ್ದವು. ಆಮೇಲೆ ಸಣ್ಣದೊಂದು ಕೊಕ್ಕು ಬಂದು ದಾರ ಕಚ್ಚಿತು, ತೂರಿಸಿತು, ಎಳೆಯಿತು. ಗಂಟು ಹೊರಗಿನಿಂದ ಜಾರಿಕೊಂಡು ಬಂದು ಕೂರಬೇಕಾದಲ್ಲಿ ಕೂತಿತು. ಎರಡು ಸಾಲು ಹೊಲಿಗೆ. ಒಂದು ಎಳೆಯೂ ಆಚೀಚೆ ಇಲ್ಲ. ಜಗತ್ತಿನ ದೊಡ್ಡ ದೊಡ್ಡ ಕಟ್ಟಡಗಳ ಮುಂದೆ ಪ್ರವಾಸಿಗರನ್ನು ನಿಲ್ಲಿಸಿ ವರ್ಣಿಸಿದವಳು ಇಲ್ಲಿ ಇನ್ನೊಮ್ಮೆ ಹಾಕಿ ಎಂದಷ್ಟೇ ಕೇಳಿದೆ.

ಅತ್ತಿಗೆ ವಿಡಿಯೋವನ್ನು ಎರಡು ಸಲ ನೋಡಿದರು. ಸೊಪ್ಪಿನ ಮಾತು ಮರೆತೇಹೋಗಿತ್ತು. "ಇಷ್ಟು ನೀಟಾಗಿ ರವಿಕೆ ಹೊಲಿಯುವವ ನಮ್ಮ ಕೋಪರಖೈರಣೆಯಲ್ಲಿ ಒಬ್ಬನೂ ಇಲ್ಲ. ಡಾಕ್ಟ್ರೇ, ನಾನು ಅಳತೆ ಕೊಟ್ಟು ಹೋಗಲಾ?"

ದಿವಾದಲ್ಲಿ ದರೋಡೆ

ಐದನೆಯ ವಾರ ತಪಾಸಣೆಗೆ ಲೋಕಲ್‌ನಲ್ಲಿ ಹೊರಟೆ. ಕಚೇರಿಯವರ ನೂಕುನುಗ್ಗಲು ಮುಗಿದ ಹೊತ್ತು, ಲೇಡೀಸ್ ಡಬ್ಬ. ಜೋಳಿಗೆ ಕಂಡದ್ದೇ ಕಿಟಕಿಯ ಸೀಟು ಖಾಲಿಯಾಯಿತು. ಇಷ್ಟು ವರ್ಷಗಳಲ್ಲಿ ಡೊಂಬಿವಲಿಯಿಂದ ಠಾಣೆಗೆ ಕೂತು ಹೋದದ್ದು ಅದೇ ಮೊದಲು. ಕೈ ಇನ್ನೊಂದೆರಡು ತಿಂಗಳು ತಡವಾಗಿ ವಾಸಿಯಾದರೂ ನಷ್ಟವಿಲ್ಲ ಎನಿಸಿತು.

ಆದರೆ ಸೀಟು ಕೊಟ್ಟವರಿಗೆ ಕಥೆ ಬೇಕಲ್ಲ. "ಕ್ಯಾ ಹುವಾ ಆಂಟಿ?" ಹೇಳಿದೆ. "ಭುಜದ ಹುರಿ ಹರಿದಿದೆ ಅಂತ ಹೇಗೆ ಗೊತ್ತಾಯಿತು?" ಅದನ್ನೂ ಹೇಳಿದೆ. ಡಾಕ್ಟರು ಎರಡೂ ಕೈ ಮೇಲಕ್ಕೆತ್ತಿಸಿ, ಹಾಗೇ ಹಿಡಿದಿರಲು ಹೇಳಿ ನೋಡುತ್ತಾರೆ ಎಂದೆ. ಎದುರಿನವಳು ತನ್ನ ಕೈ ಎತ್ತಿ ನೋಡಿಕೊಂಡಳು. ಪಕ್ಕದವಳು ಎತ್ತಿದಳು. ಮುಂಬೈಯಲ್ಲಿ ಭುಜ ನೋಯದ ಹೆಂಗಸು ಎಲ್ಲಿದ್ದಾಳೆ? ದೂರದಲ್ಲಿ ಕೂತವರಿಗೆ ಕಾರಣ ಗೊತ್ತಿಲ್ಲ. ಎಲ್ಲರೂ ಎತ್ತಿದ್ದಾರೆ, ನಾವೂ ಎತ್ತೋಣ ಎಂದು ಅವರೂ ಎತ್ತಿದರು.

ಅಷ್ಟರಲ್ಲಿ ದಿವಾ ಸ್ಟೇಷನ್ ಬಂತು. ಇಡೀ ಡಬ್ಬ ಎರಡೂ ಕೈ ಮೇಲೆತ್ತಿಕೊಂಡು ಮಿಸುಕದೆ ಕೂತಿದೆ. ಹತ್ತಲು ನುಗ್ಗಿದ ದಿವಾದ ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು. ಮುಂದಿದ್ದವಳು ಬ್ಯಾಗನ್ನು ಎದೆಗವಚಿಕೊಂಡು ಮೆಲ್ಲಗೆ ಕೇಳಿದಳು: "ಬಂದೂಕ್ ಕಿಸ್‌ಕೇ ಪಾಸ್ ಹೈ?"

ಬಟಾಟೆ ಯಾವಾಗ?

ಜೋಳಿಗೆ ಕಳಚಿದ ಮೇಲೆ ಡೊಂಬಿವಲಿಯಲ್ಲೇ ಫಿಸಿಯೋಥೆರಪಿ. ಅಲ್ಲಿ ನನ್ನ ಜೊತೆಗಾರರು ಒಬ್ಬ ದೋಸೆ ಭಟ್ಟರು. ಇಪ್ಪತ್ತೈದು ವರ್ಷ ಹೋಟೆಲಿನ ಕಾವಲಿಯ ಮುಂದೆ ನಿಂತು ಸವೆದ ಭುಜ. ಹೊಲಿದದ್ದು ಅದೇ ಧಾರವಾಡದ ಕೈ.

ಫಿಸಿಯೋ ಹುಡುಗಿ ಮರಾಠಿಯವಳು. ಬಗ್ಗಿ ನಿಂತು, ಕೈ ಇಳಿಬಿಟ್ಟು, ಗಾಳಿಯಲ್ಲಿ ಗೋಲ ಸುತ್ತಬೇಕು ಎಂದಳು. ನನ್ನ ಗೋಲ ಮೊಟ್ಟೆಯಾಯಿತು. ಭಟ್ಟರು ಬಗ್ಗಿದವರು ಗಂಭೀರವಾಗಿ ಕೇಳಿದರು: "ಯಾವ ಅಳತೆ ಮೇಡಂ? ಸೆಟ್ ದೋಸೆಯಾ, ಮಸಾಲೆಯಾ?"

ಅವಳು ಪ್ರತಿ ಭಾನುವಾರ ಅವರ ಕೈಯ ದೋಸೆ ತಿಂದು ಬೆಳೆದವಳು. "ಆಜ್ ಸೆಟ್. ಮಸಾಲಾ ನಂತರ್," ಎಂದಳು.

ಅಂದಿನಿಂದ ನಮ್ಮ ಪ್ರಗತಿಯ ಲೆಕ್ಕವೆಲ್ಲ ದೋಸೆಯಲ್ಲೇ. ಮೂರನೆಯ ತಿಂಗಳು ಡಾಕ್ಟರಿಗೆ ಫೋನ್ ಮಾಡಿದೆ. ಕೈ ಎಲ್ಲೀತನಕ ಬಂತು ಎಂದು ಕೇಳಿದರು.

"ಮಸಾಲೆ ದೋಸೆಗೆ ಬಂದಿದೆ ಡಾಕ್ಟ್ರೇ. ಇನ್ನು ಬ್ಯಾಗು ಎತ್ತಿ ನೋಡಲಾ?"

ಭಟ್ಟರು ನನಗಿಂತ ಮೊದಲೇ ಅವರಿಗೆ ಈ ಲೆಕ್ಕದ ಪಾಠ ಹೇಳಿಕೊಟ್ಟಿದ್ದರು ಅಂತ ಕಾಣುತ್ತದೆ. ಆ ಕಡೆಯಿಂದ ಕಟ್ಟುನಿಟ್ಟಾದ ಉತ್ತರ ಬಂತು. "ಬರೇ ದೋಸಿ ಹೊಯ್ರಿ. ಇನ್ನೂ ಬಟಾಟಿ ಪಲ್ಯ ಇಡಬ್ಯಾಡ್ರಿ."

ರ‍್ಯಾಕು

ಏಳನೆಯ ತಿಂಗಳಿಗೆ ಬಟಾಟೆಯ ಅಪ್ಪಣೆ ಸಿಕ್ಕಿತು. ಮೊದಲು ಅರ್ಧ ಕಿಲೋ, ಆಮೇಲೆ ಒಂದು, ಎರಡು. ವರ್ಷ ತುಂಬುವ ಹೊತ್ತಿಗೆ ಕಲ್ಯಾಣ ಸ್ಟೇಷನ್ನಿನಲ್ಲಿ ಪುಣೆಯ ಗಾಡಿ ಹತ್ತಿದೆ. ಚೇರ್ ಕಾರು. ತಲೆಯ ಮೇಲೆ ರ‍್ಯಾಕು. ಕೈಯಲ್ಲಿ ನನ್ನ ಹಳೆಯ ಬ್ಯಾಗು.

ಪಕ್ಕದ ಸೀಟಿನವನು ಎದ್ದ. "ಆಂಟಿ, ಮೈ ರಖ್ ದೂಂ?"

"ಬೈಠೋ," ಎಂದೆ. ಪಾಪ, ಹೆದರಿ ಕೂತ.

ಬ್ಯಾಗನ್ನು ಸೊಂಟಕ್ಕೆ ತಂದೆ. ಎದೆಗೆ ತಂದೆ. ಇಡೀ ಡಬ್ಬವೇ ನೋಡುತ್ತಿತ್ತು, ಅಥವಾ ನನಗೆ ಹಾಗನಿಸಿತು. ಇದು ಆಗದಿದ್ದರೆ ಇಳಿದು ಮನೆಗೆ ಹೋಗುವುದೇ ಎಂದು ನಿರ್ಧರಿಸಿ ಉಸಿರು ಬಿಗಿಹಿಡಿದು ಎತ್ತಿದೆ. ಕಿವಿಯೆಲ್ಲ ಆ ಟಪ್ ಶಬ್ದಕ್ಕೇ ಕಾಯುತ್ತಿತ್ತು. ಅದು ಬರಲಿಲ್ಲ. ಬ್ಯಾಗು ರ‍್ಯಾಕಿನ ಮೇಲೆ ಕೂತಿತ್ತು.

"ಶಾಭಾಸ್ ಅಕ್ಕಾರ!"

ತಿರುಗಿದರೆ ನಮ್ಮ ಡಾಕ್ಟರು. ಪುಣೆಯಲ್ಲಿ ಸರ್ಜನ್ನರ ಸಭೆ. ಪಾಠ ಹೇಳಲು ಹೊರಟಿದ್ದರು. ಏನೋ ದೊಡ್ಡ ಮಾತು ಹೇಳಬೇಕೆಂದು ಹುಡುಕುತ್ತಿದ್ದೆ. ಅವರು ತಮ್ಮ ಬ್ಯಾಗನ್ನೂ ರ‍್ಯಾಕನ್ನೂ ಒಂದೊಂದು ಸಲ ನೋಡಿ, ದನಿ ತಗ್ಗಿಸಿದರು. "ಇದನ್ನೂ ಒಂದೀಟು ಮ್ಯಾಲೆ ಇಡ್ತೀರೇನ್ರಿ? ವರ್ಷದ ಮ್ಯಾಲಾತು, ನನ್ನ ಬಲಗೈ ಮ್ಯಾಲೆ ಏಳವಲ್ದು."

ಪ್ಲಾಸ್ಟಿಕ್ ಭುಜ ಇಳಿಸಲು ಸಿಸ್ಟರನ್ನು ಕರೆದದ್ದು ಆಗ ನೆನಪಾಯಿತು. "ಅಯ್ಯೋ ಡಾಕ್ಟ್ರೇ, ಯಾರಿಗಾದರೂ ತೋರಿಸಬಾರದಾ?"

"ಯಾರಿಗೆ ತೋರಿಸ್ಲಿ? ನಮ್ಮ ಮಂದಿಗೆ ತೋರಿಸಿದ್ರ ಹೊಲಿಯೂನು ಅಂತಾರ. ಆರು ವಾರ ಯಾರು ಸುಮ್ಮನ ಕೂಡಬೇಕ್ರಿ?"

ಅವರ ಬ್ಯಾಗು ಹಿಡಿದೆ. ಇದಕ್ಕಿಂತ ದೊಡ್ಡ ಗುರುದಕ್ಷಿಣೆ ಯಾವುದಿದೆ? ಎದೆಯ ಮಟ್ಟ ದಾಟಿ ಮೇಲಕ್ಕೆ ಒಯ್ಯುತ್ತಿದ್ದ ಹಾಗೆ ಡಾಕ್ಟರ ಮುಖ ಬಿಳಿಚಿಕೊಂಡಿತು.

"ಸಾವಕಾಶ! ಸಾವಕಾಶ್ರೀ ಅಕ್ಕಾರ!"

ಒಂದು ವರ್ಷವಾದರೂ ಎಂಥ ಕಾಳಜಿ! ನನಗೆ ಕಣ್ಣೇ ತುಂಬಿತು. "ಹೆದರಬೇಡಿ ಡಾಕ್ಟ್ರೇ, ಭುಜ ಒಂಚೂರೂ ನೋಯುತ್ತಿಲ್ಲ."

"ನಿಮ್ಮ ಭುಜದ ಚಿಂತಿ ಯಾರಿಗೈತ್ರಿ? ಅದನ್ನ ನಾನ ಹೊಲಿದೀನಿ. ಬ್ಯಾಗಿನ್ಯಾಗ ಪ್ಲಾಸ್ಟಿಕ್‌ದು ಐತಿ. ಅದು ಒಡದ್ರ ಹೊಲಿಯಾಕ ಬರಂಗಿಲ್ಲ!"