ಮಂಜುಗಡ್ಡೆಯೊಳಗಿನ ಪ್ರತಿಜ್ಞೆ

ಇನ್ನು ಏಳು ದಿನ ಆ ವಿಡಿಯೊ ಗೇಮಿನ ಕಂಟ್ರೋಲರನ್ನು ಮುಟ್ಟಿದರೆ ತಾನು ಮನುಷ್ಯನೇ ಅಲ್ಲ ಎಂದು ವಿಜ್ಞಾನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಾಗ ಅವನ ಎರಡು ಕಿವಿಗಳೂ ಕೆಂಪಾಗಿದ್ದವು. ವಿಜ್ಞಾನಿ ಎಂಬುದು ಅಕ್ಕ ಇಟ್ಟ ಹೆಸರು. ಭೌತಶಾಸ್ತ್ರದ ಪದವಿಯ ಎರಡನೇ ವರ್ಷದಲ್ಲಿದ್ದ ಅವನು ಅಳತೆ, ಪಟ್ಟಿ, ಗ್ರಾಫು ಇಲ್ಲದೆ ಮನೆಯ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ. ಅಳತೆ ಮುಗಿಯುವಷ್ಟರಲ್ಲಿ ಆ ಕೆಲಸವನ್ನು ಬೇರೆ ಯಾರಾದರೂ ಮಾಡಿ ಮುಗಿಸಿರುತ್ತಿದ್ದರು.

ಈ ಸಲದ ಕೋಪಕ್ಕೆ ಕಾರಣ ಅಮ್ಮ. ಉಷ್ಣಶಾಸ್ತ್ರದ ಪತ್ರಿಕೆಯಲ್ಲಿ ಅವನಿಗೆ ಹೋದ ಸಲ ಬಂದದ್ದು ನೂರಕ್ಕೆ ಇಪ್ಪತ್ತೆರಡು. ಅದನ್ನು ಮತ್ತೆ ಬರೆಯುವುದಕ್ಕೆ ಇನ್ನೊಂದು ವಾರ ಉಳಿದಿತ್ತು. ಪರೀಕ್ಷೆಯ ಮಾರನೆಯ ಬೆಳಿಗ್ಗೆಯೇ ಮೂವರು ಗೆಳೆಯರ ಜೊತೆ ಸಮುದ್ರ ನೋಡಲು ನಾಲ್ಕು ದಿನದ ಪ್ರವಾಸ. ಈ ನಾಲ್ವರೂ ವರ್ಷದಿಂದ ಒಂದು ವಿಡಿಯೊ ಗೇಮಿನಲ್ಲಿ ಕೋಟೆ ಕಾಯುತ್ತಿದ್ದ ವೀರರು. ಉತ್ತರದ ಬಾಗಿಲು ವಿಜ್ಞಾನಿಯದು. ಕ್ಯಾಪ್ಟನ್ ಎಂದು ಕರೆಸಿಕೊಳ್ಳುವ ಗೆಳೆಯ ರೈಲು ಟಿಕೆಟ್ಟುಗಳನ್ನೂ ಮಾಡಿಸಿಯಾಗಿತ್ತು.

ಅಮ್ಮ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದನಿ ಏರಿಸುವ ಅಭ್ಯಾಸವಿಲ್ಲ, ಹಾಗಾಗಿ ಅವಳ ಮಾತಿಗೆ ಎದುರಾಡುವುದು ಬಹಳ ಕಷ್ಟ.

"ಪಾಸಾಗ್ತೀನಿ ಅಂತ ನಿನಗೇ ಅನ್ನಿಸಿದ್ರೆ ಹೋಗು. ಪರೀಕ್ಷೆ ಮುಗಿಸ್ಕೊಂಡು ಬಂದು ನಿನ್ನ ಮಾರ್ಕು ನೀನೇ ಹಾಕ್ಕೋ. ನಲವತ್ತು ಬಂದ್ರೆ ಸಮುದ್ರ, ಬರದಿದ್ರೆ ಮನೆ," ಎಂದಳು. ಇಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. "ಆದ್ರೆ ಆ ರಿಮೋಟು ಕೈಗೆ ಸಿಗೋ ಹಾಗಿದ್ರೆ ನೀನು ಏಳು ದಿನ ಅಲ್ಲ, ಏಳು ಗಂಟೆನೂ ಓದಲ್ಲ ಕಣೋ."

ವಿಜ್ಞಾನಿಗೆ ಮೈಯೆಲ್ಲ ಉರಿದುಹೋಯಿತು. ಮೊದಲನೆಯದಾಗಿ ಅದು ರಿಮೋಟಲ್ಲ, ಕಂಟ್ರೋಲರ್. ಎರಡನೆಯದಾಗಿ ತನ್ನ ಇಚ್ಛಾಶಕ್ತಿಯ ಬಗ್ಗೆ ಹೆತ್ತ ತಾಯಿಗೇ ಇಷ್ಟು ಕೀಳು ಅಭಿಪ್ರಾಯವೇ?

ಅರ್ಧ ಗಂಟೆ ಕೋಣೆಯಲ್ಲಿ ಶತಪಥ ಹಾಕಿದ ಮೇಲೆ ಅವನಿಗೆ ಉಪಾಯ ಹೊಳೆಯಿತು. ಕಂಟ್ರೋಲರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಕೀಲಿ ಹುಡುಕಬಹುದು. ಅಕ್ಕನ ಕೈಗೆ ಕೊಟ್ಟರೆ ಅವಳನ್ನು ಕಾಡಿ ಬೇಡಬಹುದು. ಮಂಜುಗಡ್ಡೆಯನ್ನು ಮಾತ್ರ ಕಾಡಿ ಬೇಡಲಾಗದು. ಮೂರು ಲೀಟರ್ ನೀರಿನೊಳಗೆ ಅದನ್ನು ಹೆಪ್ಪುಗಟ್ಟಿಸಿಬಿಟ್ಟರೆ, ಹೊರಗಿಟ್ಟು ಕರಗಿಸಲು ಕಡಿಮೆಯೆಂದರೂ ಎಂಟು ಗಂಟೆ ಬೇಕು. ಆಡಬೇಕೆಂಬ ಆಸೆಯಾದರೋ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬದುಕುವುದಿಲ್ಲ ಎಂದು ಅವನು ತನ್ನ ಮೇಲೆಯೇ ಅಳೆದು ನೋಡಿದ್ದ. ಎಂಟು ಗಂಟೆಯ ಮುಂದೆ ಇಪ್ಪತ್ತು ನಿಮಿಷ ಯಾವ ಲೆಕ್ಕ!

ಅಮ್ಮ ಹಿಟ್ಟು ತುಂಬಿಡುವ ಪಾರದರ್ಶಕ ಡಬ್ಬಿಯನ್ನು ಖಾಲಿ ಮಾಡಿದ. ನೀರನ್ನು ಎರಡು ಬಾರಿ ಕುದಿಸಿ ಆರಿಸಿದ, ಏಕೆಂದರೆ ಹಾಗೆ ಮಾಡಿದರೆ ಗಡ್ಡೆ ತಿಳಿಯಾಗಿರುತ್ತದೆ. ಒಳಗಿರುವುದು ಒಳಗೇ ಇದೆಯೆಂದು ಅಮ್ಮ ಯಾವಾಗ ಬೇಕಾದರೂ ಬಾಗಿಲು ತೆರೆದು ನೋಡಿಕೊಳ್ಳಲಿ! ಕಂಟ್ರೋಲರನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚುವ ಮೊದಲು, ಸಿಟ್ಟಿನ ಭರದಲ್ಲಿ ಮೇಜಿನ ಮೇಲಿದ್ದ ಒಂದು ಕಾಗದ ಎಳೆದುಕೊಂಡು, ದಪ್ಪ ಅಕ್ಷರಗಳಲ್ಲಿ ಪ್ರತಿಜ್ಞೆ ಬರೆದ: "ಈ ಗಡ್ಡೆ ಪರೀಕ್ಷೆಗೆ ಮೊದಲು ಕರಗಿದರೆ ನಾನು ಕತ್ತೆ." ಕೆಳಗೆ ತನ್ನ ಸಹಿ. ಸಾಕ್ಷಿಯಾಗಿ ಅಮ್ಮನ ಸಹಿ, ಅಕ್ಕನ ಸಹಿ. ಅಕ್ಕ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು, ಯಾವ ಕಾಗದ ಮುಂದೆ ಚಾಚಿದರೂ ಓದದೆ ಸಹಿ ಮಾಡುವ ಅಭ್ಯಾಸ. ಕಾಗದವನ್ನು ಕಂಟ್ರೋಲರಿನ ಮೇಲಿಟ್ಟು, ಚೀಲ ಮುಚ್ಚಿ, ತೇಲದಂತೆ ಎರಡು ಹಂತದಲ್ಲಿ ನೀರು ಸುರಿದು, ಡಬ್ಬಿಯ ಮುಚ್ಚಳ ಬಿಗಿದು, ಫ್ರೀಜರಿನಲ್ಲಿ ಪ್ರತಿಷ್ಠಾಪಿಸಿದ.

ಏಳು ದಿನ ವಿಜ್ಞಾನಿ ಮಾತು ಉಳಿಸಿಕೊಂಡ. ಆದರೆ ಓದಿದನೇ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಮೊದಲ ಎರಡು ದಿನ ಅಮ್ಮನ ಮೇಲಿನ ಸಿಟ್ಟಿನಲ್ಲಿ ಹೋದವು. ಮೂರನೆಯ ದಿನ, ತಾನಿಲ್ಲದೆ ಉತ್ತರದ ಬಾಗಿಲು ಮುರಿದು ಕೋಟೆ ಬಿದ್ದುಹೋಯಿತೆಂದು ಕ್ಯಾಪ್ಟನ್ ಫೋನಿನಲ್ಲಿ ಹೇಳಿದ. ಆ ಸಿಟ್ಟಿನಲ್ಲಿ ಮತ್ತೊಂದು ದಿನ. ಆಮೇಲೆ ಸಮುದ್ರದಲ್ಲಿ ಯಾವ ಹೊತ್ತಿಗೆ ಇಳಿತ, ಯಾವ ಹೊತ್ತಿಗೆ ಉಬ್ಬರ, ಯಾವ ಹೊತ್ತಿಗೆ ಈಜು, ಯಾವ ಹೊತ್ತಿಗೆ ಮರಳಲ್ಲಿ ಮಲಗುವುದು ಎಂದು ಬಣ್ಣ ಬಣ್ಣದ ಪೆನ್ನುಗಳಲ್ಲಿ ಒಂದು ವೇಳಾಪಟ್ಟಿ ತಯಾರಾಯಿತು. ನಡುನಡುವೆ ಫ್ರೀಜರ್ ತೆರೆದು ಗಡ್ಡೆಯೊಳಗಿನ ಕಂಟ್ರೋಲರನ್ನು ನೋಡಿ ನಿಟ್ಟುಸಿರು ಬಿಡುವುದಿತ್ತು. ಅಷ್ಟು ಸಲ ಬಾಗಿಲು ತೆರೆದರೆ ಬೆಣ್ಣೆ ಕೆಡುತ್ತದೆ ಎಂದು ಅಮ್ಮ ಅಂದಾಗ, ಈ ಮನೆಯಲ್ಲಿ ಬೆಣ್ಣೆಗಿರುವ ಬೆಲೆ ತನಗಿಲ್ಲವೆಂದು ಎಗರಾಡಿದ. ಪುಸ್ತಕ ತೆರೆದದ್ದು ಕೊನೆಯ ಒಂದೂವರೆ ದಿನ.

ಪರೀಕ್ಷೆಯ ದಿನ ಬೆಳಿಗ್ಗೆ ಆರೂ ಐವತ್ತಕ್ಕೆ ಹಾಲ್ ಟಿಕೆಟ್ ಕಾಣೆಯಾದದ್ದು ಗೊತ್ತಾಯಿತು.

ಪುಸ್ತಕಗಳನ್ನು ಕೊಡವಿದ, ಹಾಸಿಗೆ ಮಗುಚಿದ, ಮೇಜಿನ ಖಾನೆಗಳನ್ನು ನೆಲಕ್ಕೆ ಸುರಿದ. ನನ್ನ ವಸ್ತುಗಳನ್ನು ಯಾರು ಮುಟ್ಟಿದವರು, ಈ ಮನೆಯಲ್ಲಿ ಒಂದು ಕಾಗದ ಇಟ್ಟ ಜಾಗದಲ್ಲಿ ಇರುವುದಿಲ್ಲ, ಎಲ್ಲರೂ ಸೇರಿ ನನ್ನ ಪ್ರವಾಸ ತಪ್ಪಿಸಲು ಹೊರಟಿದ್ದೀರಿ ಎಂದು ಹಜಾರದಲ್ಲಿ ನಿಂತು ಗುಡುಗಿದ. ಪ್ರಾಂಶುಪಾಲರ ಸಹಿ, ಮೊಹರು ಇರುವ ಹಾಲ್ ಟಿಕೆಟ್ ಇಲ್ಲದವರಿಗೆ ಪರೀಕ್ಷಾ ಕೊಠಡಿಗೆ ಪ್ರವೇಶವಿಲ್ಲ. ಹೊಸದು ಬರೆದುಕೊಡುವ ಕಾಲೇಜು ಕಚೇರಿ ತೆರೆಯುವುದು ಹತ್ತಕ್ಕೆ. ಪರೀಕ್ಷೆ ಒಂಬತ್ತೂವರೆಗೆ.

ಅಕ್ಕ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಚ್ಚಲಿನಿಂದ ಹೊರಗೆ ಬಂದಳು. "ಅವತ್ತು ಪ್ರತಿಜ್ಞೆ ಬರೆದ್ಯಲ್ಲ, ಅದು ಯಾವ ಕಾಗದ?"

ವಿಜ್ಞಾನಿಯ ಕಿವಿಗಳ ಕೆಂಪು ಒಂದೇ ಕ್ಷಣದಲ್ಲಿ ಇಳಿದುಹೋಯಿತು. ಮೂವರೂ ಫ್ರೀಜರ್ ತೆರೆದು ಟಾರ್ಚು ಹಿಡಿದು ಬಗ್ಗಿ ನೋಡಿದರು. 'ಕತ್ತೆ' ಎಂಬ ದಪ್ಪ ಅಕ್ಷರಗಳ ಹಿಂದುಗಡೆ, ಎರಡು ಬಾರಿ ಕುದಿಸಿದ ನೀರಿನ ತಿಳಿಯಲ್ಲಿ, ಹಾಲ್ ಟಿಕೆಟ್ಟಿನ ಫೋಟೊದಲ್ಲಿದ್ದ ಅವನದೇ ಮುಖ ಮಸುಕು ಮಸುಕಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಪ್ರಾಂಶುಪಾಲರ ಮೊಹರು ತಿರುಗುಮುರುಗಾಗಿತ್ತು.

ಡಬ್ಬಿಯನ್ನು ಎಳೆದ. ಬರಲಿಲ್ಲ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆಂದು ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆಯಬಲ್ಲ ವಿಜ್ಞಾನಿ, ಡಬ್ಬಿಯನ್ನು ಕಂಠಪೂರ್ತಿ ತುಂಬಿಸಿದ್ದ. ಮುಚ್ಚಳ ಉಬ್ಬಿ ಫ್ರೀಜರಿನ ಚಾವಣಿಗೆ ಕಚ್ಚಿಕೊಂಡಿತ್ತು. ಲೋಕದ ಬಹುಪಾಲು ವಸ್ತುಗಳು ಗಟ್ಟಿಯಾದಾಗ ಮರ್ಯಾದೆಯಿಂದ ಕುಗ್ಗುತ್ತವೆ, ಈ ನೀರಿಗೆ ಮಾತ್ರ ಯಾಕಿಷ್ಟು ಕೊಬ್ಬು ಎಂದು ಅವನು ಹಲ್ಲು ಕಡಿದ. ಸುತ್ತಿಗೆ ತರಲು ಹೊರಟವನನ್ನು ಅಮ್ಮ ತಡೆದು, ಫ್ರಿಜ್ಜಿನ ಪ್ಲಗ್ಗು ಕಿತ್ತಳು.

ಅಕ್ಕನ ಕೂದಲು ಒಣಗಿಸುವ ಯಂತ್ರ ತಂದ. ಅದರ ಶಕ್ತಿ ಸಾವಿರದ ಇನ್ನೂರು ವ್ಯಾಟ್. ಮೂರು ಕಿಲೋ ಗಡ್ಡೆಗೆ ಬೇಕಾದ ಶಾಖವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಲೆಕ್ಕ ಹಾಕಿ, ಹದಿನಾರು ನಿಮಿಷ ಸಾಕು ಎಂದು ಸಾರಿದ. ಹದಿನಾರು ನಿಮಿಷದ ಕೊನೆಯಲ್ಲಿ ಅಡುಗೆಮನೆ ಬೆಚ್ಚಗಾಗಿತ್ತು, ಅವನ ಮುಖ ಬೆವತಿತ್ತು, ಗಡ್ಡೆಯಿಂದ ಒಂದು ತಟ್ಟೆಯಷ್ಟು ನೀರು ಇಳಿದಿತ್ತು.

"ಶಾಖ ಎಲ್ಲ ಎಲ್ಲಿಗೆ ಹೋಗ್ತಿದೆ?" ಎಂದು ಅವನು ಯಂತ್ರವನ್ನು ನೆಲಕ್ಕೆ ಕುಕ್ಕಿದ.

"ನನಗಂತೂ ಸೆಕೆಯಾಗ್ತಿದೆ," ಎಂದಳು ಅಕ್ಕ.

ಕೊನೆಗೆ ಕೆಲಸ ಮಾಡಿದ್ದು ಯಾವ ಸೂತ್ರವೂ ಅಲ್ಲ. ಅಮ್ಮ ಬಿಸಿ ನೀರನ್ನು ಚೊಂಬಿನಲ್ಲಿ ತಂದು ಡಬ್ಬಿಯ ಸುತ್ತ ಸಣ್ಣಗೆ ಸುರಿದಳು, ಡಬ್ಬಿ ಸಡಿಲವಾಯಿತು. ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿ ಮೇಲಿಂದ ಮೇಲೆ ಬಿಸಿ ನೀರು ಬದಲಾಯಿಸಿದಳು. ಅಡುಗೆಮನೆಯ ನೆಲದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ವಿಜ್ಞಾನಿ ಅದರಲ್ಲಿ ಎರಡು ಸಲ ಜಾರಿ ಬಿದ್ದ, ಎರಡು ಸಲವೂ ನೆಲವನ್ನು ಬೈದ. ಎಂಟೂ ಐವತ್ತಕ್ಕೆ ಚೀಲ ಕೈಗೆ ಬಂತು. ಅಕ್ಕ ಸ್ಕೂಟರ್ ಓಡಿಸಿದಳು. ಕಲಿಸುವವರ ಶಿಸ್ತಿನಲ್ಲಿ ಪ್ರತಿ ತಿರುವಿನಲ್ಲೂ ನಿಧಾನಿಸಿ, ಕೈ ತೋರಿಸಿ, ಎಡಬಲ ನೋಡಿ ಮುಂದೆ ಹೋದಳು. ಹಿಂದೆ ಕೂತವನು ಪ್ರತಿ ತಿರುವಿನಲ್ಲೂ ಸುಟ್ಟು ಬೂದಿಯಾದ.

ಕೊಠಡಿಯ ಬಾಗಿಲಲ್ಲಿ ಮೇಲ್ವಿಚಾರಕರು ಹಾಲ್ ಟಿಕೆಟ್ ಕೈಗೆ ತೆಗೆದುಕೊಂಡು ಬೆಚ್ಚಿದರು. "ಏನಪ್ಪ, ಇಷ್ಟು ತಣ್ಣಗಿದೆ?" ಎಂದರು. ಹಿಂದೆ ತಿರುಗಿಸಿ ಓದಿದರು. ಅವನನ್ನು ನೋಡಿದರು. ಮತ್ತೆ ಓದಿದರು. ಗಡ್ಡೆ ಕರಗಿದ್ದು ಪರೀಕ್ಷೆಗೆ ಮೊದಲೋ ಆಮೇಲೋ ಎಂದು ಅವರು ಕೇಳದಿದ್ದದ್ದು ಅವನ ಪುಣ್ಯ.

ಪ್ರಶ್ನೆಪತ್ರಿಕೆಯಂತೂ ಅವನನ್ನು ಕೆರಳಿಸಲೆಂದೇ ಬರೆದಂತಿತ್ತು. ಬೆಳಿಗ್ಗೆಯೆಲ್ಲ ಬೆರಳು ಮರಗಟ್ಟುವಷ್ಟು ಅಭ್ಯಾಸ ಮಾಡಿದ್ದ ಮಂಜುಗಡ್ಡೆಯ ಮೇಲೆ ಒಂದೇ ಒಂದು ಪ್ರಶ್ನೆಯಿರಲಿಲ್ಲ.

ಸಂಜೆ ನಾಲ್ಕಕ್ಕೆ ಅವನು ಪ್ರಶ್ನೆಪತ್ರಿಕೆ, ಪುಸ್ತಕ, ಕೆಂಪು ಪೆನ್ನು ಹಿಡಿದು ಊಟದ ಮೇಜಿನ ಮುಂದೆ ಕೂತ. ಅಮ್ಮ ಆಗಷ್ಟೇ ಕೆಲಸದಿಂದ ಬಂದು ನೆಲದ ಉಳಿದ ನೀರು ಒರೆಸುತ್ತಿದ್ದಳು. ತನ್ನ ಉತ್ತರಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಮಾರ್ಕು ಹಾಕಿಕೊಂಡ. ಅರ್ಧ ಮಾರ್ಕಿಗೆ ತನ್ನೊಡನೆಯೇ ಜಗಳವಾಡಿದ, ಏಕಮಾನ ಬರೆಯದ ಕಡೆ ತಾನೇ ಕತ್ತರಿಸಿದ. ಎರಡು ಸಲ ಕೂಡಿದ. ಮೂವತ್ತೊಂಬತ್ತು.

"ಒಂದು ಮಾರ್ಕು ತಾನೇ? ಅಕ್ಷರ ದುಂಡಗಿದೆ ಅಂತ ಹಾಕ್ಕೋ," ಎಂದಳು ಅಕ್ಕ.

ಭೌತಶಾಸ್ತ್ರದಲ್ಲಿ ಅಕ್ಷರಕ್ಕೆ ಮಾರ್ಕಿಲ್ಲ ಎಂದು ಅವನು ಮೇಜು ಗುದ್ದಿದ. ಗುದ್ದಿದ ಮೇಲೆ, ತಾನು ಯಾರ ಪರವಾಗಿ ವಾದಿಸುತ್ತಿದ್ದೇನೆಂದು ಹೊಳೆದು ಇನ್ನಷ್ಟು ಸಿಟ್ಟು ಬಂತು. ಆದರೂ ಮೂವತ್ತೊಂಬತ್ತನ್ನು ತಿದ್ದಲಿಲ್ಲ. ತಾನು ಬರುವುದಿಲ್ಲವೆಂದು ಕ್ಯಾಪ್ಟನ್‌ಗೆ ಹೇಳಲು ಫೋನು ಎತ್ತಿಕೊಂಡ.

ಅಮ್ಮ ಒರೆಸುವ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟಳು. "ತಡಿ. ನಿನ್ನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಎಷ್ಟು? ನಮ್ಮ ಲ್ಯಾಬಲ್ಲಿ ಅದನ್ನ ನೋಡದೆ ಯಾವ ರಿಪೋರ್ಟೂ ಕೊಡಲ್ಲ."

ಅವನು ಯೋಚಿಸಿದ. "ಮೂರು."

"ಅಂದ್ರೆ ಮೂವತ್ತಾರೂ ಆಗಬಹುದು, ನಲವತ್ತೆರಡೂ ಆಗಬಹುದು. ಪಾಸು ಅಂತಲೂ ಹೇಳಕ್ಕಾಗಲ್ಲ, ಫೇಲು ಅಂತಲೂ ಹೇಳಕ್ಕಾಗಲ್ಲ. ಅರ್ಧಕ್ಕರ್ಧ."

"ಸುಮಾರಾಗಿ."

"ಹಾಗಾದ್ರೆ ಪ್ರವಾಸನೂ ಅರ್ಧ. ನಾಲ್ಕು ದಿನದಲ್ಲಿ ಎರಡು ದಿನ ಹೋಗಿ ಬಾ."

ಏಳು ದಿನದ ಕೋಪ ಒಂದೇ ಏಟಿಗೆ ಹಾರಿಹೋಯಿತು. ಇಂಥ ನ್ಯಾಯವಂತಳಾದ ತಾಯಿ ಲೋಕದಲ್ಲಿ ಯಾರಿಗಿದ್ದಾಳೆ ಎಂದುಕೊಳ್ಳುತ್ತ ಕೋಣೆಗೆ ಓಡಿ ಚೀಲ ತುಂಬತೊಡಗಿದ. ಎರಡನೆಯ ಅಂಗಿ ಮಡಚುವಾಗ ಕೈ ನಿಂತಿತು. ರೈಲು ಹೊರಡುವುದು ಬೆಳಿಗ್ಗೆ ಆರಕ್ಕೆ, ತಲುಪುವುದು ಸಂಜೆ ಏಳಕ್ಕೆ. ಅಲ್ಲಿಂದ ಮರಳುವ ರೈಲು ಮತ್ತೆ ಬೆಳಿಗ್ಗೆ ಆರಕ್ಕೆ.

ಅವನು ನಿಧಾನವಾಗಿ ಹಜಾರಕ್ಕೆ ಬಂದ. "ಅಮ್ಮ, ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ."

"ಹೌದು, ನೋಡಿದೆ," ಎಂದಳು ಅಮ್ಮ. "ಹದಿಮೂರೂ ಹದಿಮೂರೂ ಇಪ್ಪತ್ತಾರು ಗಂಟೆ. ಕೂತು ಓದೋಕೆ ಅನುಕೂಲ."

"ಕತ್ತಲಲ್ಲಿ ಸಮುದ್ರ ಕಾಣಿಸಲ್ವಂತೆ, ಸದ್ದು ಮಾತ್ರ ಚೆನ್ನಾಗಿ ಕೇಳಿಸುತ್ತಂತೆ," ಎಂದು ಅಕ್ಕ ಸಮಾಧಾನ ಹೇಳಿದಳು.

ವಿಜ್ಞಾನಿ ರೇಗಲೆಂದು ಬಾಯಿ ತೆರೆದ. ಅಮ್ಮನ ಲೆಕ್ಕದಲ್ಲಿ ತಪ್ಪು ಎಲ್ಲಿದೆಯೆಂದು ಮೊದಲಿಂದ ಕೊನೆಯವರೆಗೆ ಮೂರು ಸಲ ಹುಡುಕಿದ. ಸಿಗಲಿಲ್ಲ. ಬಾಯಿ ಮುಚ್ಚಿಕೊಂಡು ಕೋಣೆಗೆ ಹೋಗಿ, ಈಜುಡುಗೆಯನ್ನು ಚೀಲದಿಂದ ಹೊರಗೆ ತೆಗೆದು, ಆ ಜಾಗಕ್ಕೆ ಉಷ್ಣಶಾಸ್ತ್ರದ ಪುಸ್ತಕವನ್ನಿಟ್ಟ.