ಹೊಸ್ತಿಲು ಹೊತ್ತ ಬಸ್ಸು

ಬಡಿಗತನ ಮಾಡುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೈಯಲ್ಲಿ ಮುರುಕು ಕುರ್ಚಿ ಹಿಡಿದುಕೊಂಡು ಅಂಗಡಿಗೆ ಬರುತ್ತವೆ. ಗೋಕಾಕದಲ್ಲಿ ನನ್ನ ಅಂಗಡಿಗೂ ಹಾಗೆ ಬಂದವು ಎಷ್ಟೋ. ಆದರೆ ಒಂದು ಸಲ ಮಾತ್ರ ಪ್ರಸಂಗ ನಡೆದುಕೊಂಡು ಬರಲಿಲ್ಲ, ನಾಲ್ಕು ಗಾಲಿಯ ಮೇಲೆ ಕುಳಿತು ಬಂತು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕಿಂತ ತುಸು ಮೊದಲಿನ ಮಾತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಕೆಲಸದಲ್ಲಿ ಎಷ್ಟು ಸಲ ಉಳಿ ಬಿಸಾಕಿ ಎದ್ದು ಹೋದೆನೋ ಲೆಕ್ಕವಿಲ್ಲ. ಬಿಸಾಕಿದ ಉಳಿಯನ್ನು ಪ್ರತಿ ಸಲವೂ ನಾನೇ ಹೋಗಿ ಹುಡುಕಿ ತಂದೆ, ಯಾಕೆಂದರೆ ಮುಂದೇನಾಗುತ್ತದೆ ಎಂದು ನೋಡದೆ ಇರಲು ಆಗುತ್ತಿರಲಿಲ್ಲ.

೧. ಅರ್ಧ ಮೊಳ

ನಮ್ಮ ಓಣಿಯಲ್ಲಿ ಒಬ್ಬ ಮೋಜಣಿ ಸಾಹೇಬರಿದ್ದರು. ಜೀವಮಾನವೆಲ್ಲ ಸರಕಾರದ ಸರಪಳಿ ಎಳೆದು ಊರೂರ ಹೊಲ ಅಳೆದು ನಿವೃತ್ತರಾದವರು. ನೌಕರಿ ಬಿಟ್ಟರೂ ಅಳೆಯುವ ಚಟ ಬಿಡಲಿಲ್ಲ. ಮಗಳ ಮದುವೆಯಲ್ಲಿ ಹುಕ್ಕೇರಿಯ ಬೀಗರು, ಬೆಲ್ಲದ ವ್ಯಾಪಾರಿಗಳು, ಮಗಳಿಗೆ ಸೀರೆ ತಂದರು. ಸಾಹೇಬರು ತುಂಬಿದ ಹಂದರದಲ್ಲಿ ಆ ಸೀರೆಯನ್ನು ಮೊಳ ಹಾಕಿ ಅಳೆದು, "ಅರ್ಧಾ ಮೊಳಾ ಕಮ್ಮಿ ಐತಿ" ಎಂದುಬಿಟ್ಟರು.

ಬೀಗರ ಮುಖ ಕೆಂಪಾಯಿತು. "ಇದೇನ ಹೊಲಾ ಅಂತ ತಿಳಕೊಂಡೀರೇನ್ರಿ? ಇನ್ನ ನಾನಾಗಲಿ ನಮ್ಮ ಮನಿಯವರಾಗಲಿ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ" ಎಂದರು.

ಸಾಹೇಬರು ಬಿಡುತ್ತಾರೆಯೇ? "ನಾವೂ ಅಷ್ಟರಿ. ನಮ್ಮ ಹೊಸ್ತಿಲಾ ಬಿಟ್ಟು ನಿಮ್ಮೂರಾಗ ಕಾಲಿಡೂದಿಲ್ಲ" ಎಂದರು.

ಆ ಮಾತಿಗೆ ಐದು ವರ್ಷವಾಯಿತು. ಮಗಳ ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಾದದ್ದು ಹುಕ್ಕೇರಿಯಲ್ಲೇ ಆಯಿತು. ಮೊಮ್ಮಗಳು ನಡೆದಳು, ಮಾತು ಕಲಿತಳು ಎಂದು ಬಂದವರು ಹೋದವರು ಹೇಳುತ್ತಿದ್ದರು. ಸಾಹೇಬರ ಹೆಂಡತಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು, ಆ ಕೂಸಿನ ಮುಖವನ್ನೇ ನೋಡಿರಲಿಲ್ಲ. ಜಗಳ ಆಡುವ ಹೆಂಗಸಲ್ಲ ಅವರು. ಹೋಳಿಗೆ ಮಾಡುವುದನ್ನು ಬಿಟ್ಟರು, ಅಷ್ಟೆ. "ಮೊಮ್ಮಗಳ ಬಾಯಿಗಿ ಬೀಳದ್ದು ನಿಮ್ಮ ಬಾಯಿಗೂ ಬ್ಯಾಡ" ಎಂದರಂತೆ.

ಹೋಳಿಗೆ ಇಲ್ಲದ ಮೂರನೆಯ ಯುಗಾದಿ ಕಳೆದ ಮೇಲೆ ಸಾಹೇಬರು ಒಂದು ಹಳೆಯ ಬಸ್ಸು ಕೊಂಡು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ಯಾವುದೋ ಸಾಲಿಯವರು ಮಕ್ಕಳನ್ನು ಹೇರಲು ಇಟ್ಟುಕೊಂಡಿದ್ದ ಬಸ್ಸು. ಮೈಯೆಲ್ಲ ಕಟ್ಟಿಗೆ, ಹಿಂದೆ ಒಂದು ಬಾಗಿಲು, ಮುಂದೆ ಡ್ರೈವರನಿಗೆ ಒಂದು ಕಿಂಡಿಯಂಥ ಬಾಗಿಲು.

"ಏನ ಮಾಡೂದ್ರಿ ಇದನ್ನ? ಒಡದು ಕಟ್ಟಿಗಿ ತಗ್ಯೂದೇನ್ರಿ?" ಎಂದೆ.

"ಮನಿ ಮಾಡು. ನಾ ನಮ್ಮ ಹೊಸ್ತಿಲಾ ಬಿಟ್ಟು ಹುಕ್ಕೇರಿಗಿ ಹೋಗೂದಿಲ್ಲ ಅಂದೇನಿ. ಹೊಸ್ತಿಲಾ ತಗೊಂಡ ಹೋಗೂದಿಲ್ಲ ಅಂದಿಲ್ಲ."

ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. "ಸಾಹೇಬ್ರ, ಹೋಗಿ ತಪ್ಪಾತು ಅಂದ್ರ ಮುಗೀತಲ್ರಿ?"

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಡಿಗೇರ, ತಪ್ಪಾತು ಅನ್ನಾಕ ಬಡಿಗ್ಯಾ ಬೇಕಾಗೂದಿಲ್ಲ. ನಿನ್ನ ಹೊಟ್ಟಿ ಮ್ಯಾಲ ನೀನ ಯಾಕ ಹೊಡಕೋತಿ?"

೨. ಜಗಲಿಯ ಹಲಗೆ

ಬಸ್ಸಿನೊಳಗೆ ಎರಡೂ ಮಗ್ಗುಲಿಗೆ ಉದ್ದನೆಯ ಬೆಂಚುಗಳಿದ್ದವು. ಕಟ್ಟಿಗೆ ಗಟ್ಟಿ. ಒಂದು ಬೆಂಚು ಉಳಿಸಿಕೊಂಡು ಮಲಗುವ ಹಾಸು ಮಾಡಿದೆ. ಇನ್ನೊಂದನ್ನು ಬಿಚ್ಚಿ ಪಾತ್ರೆಯ ಮಾಡ, ಒಲೆಯ ಕಟ್ಟೆಗೆ ಆಸರೆ, ಅವ್ವಾರ ಪೂಜೆಗೊಂದು ಜಗಲಿ ಮಾಡಿದೆ. ಅವ್ವಾರಿಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಕೂಡ ಇಲ್ಲ, ಹೀಗಾಗಿ ಜಗಲಿಯ ಕೆಲಸದಲ್ಲಿ ನನ್ನ ಕೈಲಾದಷ್ಟು ನಾಜೂಕು ತೋರಿಸಿದ್ದೆ.

ಮನೆ ಹೊಗುವ ದಿನ ಮಠದ ಅಯ್ಯನವರು ಬಂದರು. ವಯಸ್ಸಾದವರು. ಓಣಿಯ ಮಕ್ಕಳಿಗೆಲ್ಲ ಮಗ್ಗಿ ಹೇಳಿಕೊಟ್ಟವರು ಅವರೇ. ಬಸ್ಸಿನಲ್ಲಿ ಬಗ್ಗಿಕೊಂಡೇ ಕುಳಿತು, ದೀಪ ಹಚ್ಚಿ, ಮಂತ್ರ ಶುರು ಮಾಡಿದರು. ಅರ್ಧಕ್ಕೆ ಮಂತ್ರ ನಿಂತಿತು. ದೀಪದ ಬೆಳಕಿನಲ್ಲಿ ಜಗಲಿಯ ಮುಂದಿನ ಹಲಗೆಯ ಮೇಲೆ ಯಾವನೋ ಸಾಲಿ ಹುಡುಗ ಚಾಕುವಿನಿಂದ ಕೆತ್ತಿದ ಅಕ್ಷರಗಳು ಎದ್ದು ಕಾಣುತ್ತಿದ್ದವು: "ಮಗ್ಗಿ ಮಾಸ್ತರ ಕತ್ತೆ."

ಎಲ್ಲ ಹಲಗೆಗೂ ಹತ್ತರಿ ಹೊಡೆದು ನುಣುಪು ಮಾಡಿದ್ದೆ. ಅದೊಂದನ್ನೇ ಬಿಟ್ಟಿದ್ದೆ.

"ಬಡಿಗೇರ, ಇದು ನಿನ್ನ ಕೆಲಸೇನ?" ಎಂದರು ಅಯ್ಯನವರು.

"ಇಲ್ರಿ ಅಜ್ಜಾರ! ಸಾಲಿ ಹುಡುಗೂರು ಕೆತ್ತ್ಯಾರ್ರಿ. ಈಗಿಂದೀಗ ಹತ್ತರಿ ಹೊಡಿತೇನ್ರಿ."

ಅಯ್ಯನವರು ಅಕ್ಷರಗಳ ಮೇಲೆ ಬೆರಳಾಡಿಸಿದರು. "ಇರಲಿ ಬಿಡು. ಒತ್ತಕ್ಷರ ಎಲ್ಲಾ ಬರೋಬರ ಅದಾವ. ಕಲಿಸಿದ ಕತ್ತಿ ಛಲೋದಿರಬೇಕು."

೩. ಬಸ್ಸಿನ ಕಿವಿ

ಇನ್ನು ಹೊಸ್ತಿಲು. ಹೊಸದು ಮಾಡಿಕೊಡುತ್ತೇನೆ ಎಂದೆ. ಸಾಹೇಬರು ಒಪ್ಪಲಿಲ್ಲ. "ಹೊಸಾದ ಆದ್ರ ಅದು ನನ್ನ ಹೊಸ್ತಿಲಾ ಹೆಂಗಾಕೈತಿ? ಮನೀದ ಬೇಕು."

ಮನೆಯ ಸಾಗವಾನಿ ಹೊಸ್ತಿಲನ್ನು ಕಿತ್ತು ತಂದೆವು. ಅವರ ಮುತ್ತಜ್ಜನ ಕಾಲದ್ದು, ಆಳುದ್ದ. ಬಸ್ಸಿನ ಹಿಂದಿನ ಬಾಗಿಲಿಗೆ ಹಚ್ಚಿ ನೋಡಿದರೆ ಎರಡೂ ಕಡೆ ಗೇಣು ಗೇಣು ಹೊರಗೆ ಚಾಚಿತು.

"ಕೊಯ್ಯತೇನ್ರಿ" ಎಂದೆ.

"ಕೊಯ್ದ್ರ ಬೀಗರು ಅಳೀತಾರ" ಎಂದರು ಸಾಹೇಬರು.

ನಾನು ಉಳಿ ಬಿಸಾಕಿ ಮನೆಗೆ ಹೋದೆ. ಮರುದಿನ ಬಂದು ಕೊಯ್ಯದೆಯೇ ಮೊಳೆ ಹೊಡೆದೆ. ಬಸ್ಸಿನ ಹಿಂಬದಿಗೆ ಎರಡು ಕಿವಿ ಬಂದಹಾಗಾಯಿತು.

ಡ್ರೈವರ ಒಬ್ಬ ಸಾಧು ಮನುಷ್ಯ, ಹಳೆಯ ಸಾಲಿಯಲ್ಲೂ ಅದೇ ಬಸ್ಸು ಓಡಿಸಿದವನು. ಮೊದಲ ಸಲ ಬಸ್ಸನ್ನು ಪೇಟೆಯೊಳಗಿಂದ ತಂದ. ಅಲ್ಲಿ ಬಣ್ಣಗಾರನೊಬ್ಬ ತಲೆಗೆ ಸುತ್ತುವ ಉದ್ದನೆಯ ರುಮಾಲುಗಳಿಗೆ ಕೆಂಪು ಬಣ್ಣ ಹಾಕಿ ದಾರಿಯುದ್ದಕ್ಕೂ ಒಣಹಾಕಿದ್ದ. ಒಂದು ಕಿವಿಗೆ ಒಂದು ರುಮಾಲು ಸಿಕ್ಕಿತು, ಇನ್ನೊಂದಕ್ಕೆ ಇನ್ನೊಂದು. ಕೆಂಪು ರುಮಾಲುಗಳನ್ನು ಮಾರುಗಟ್ಟಲೆ ಹಿಂದೆ ಬಿಟ್ಟುಕೊಂಡು ಬಸ್ಸು ಹೊರಟಿತು. ಮಂದಿ ಮದುವೆಯ ದಿಬ್ಬಣ ಎಂದು ಬಾಜೂ ಸರಿದು ದಾರಿ ಬಿಟ್ಟರು. ಹಲಗೆ ಬಾರಿಸುವವನೊಬ್ಬ ಯಾರೂ ಕರೆಯದಿದ್ದರೂ ಮುಂದೆ ನಿಂತು ಬಾರಿಸತೊಡಗಿದ. ಸಾಹೇಬರು ಕಿಟಕಿಯಿಂದ ಕೈ ಮುಗಿಯುತ್ತ ಬಂದರು, ಯಾರಿಗೆ ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ.

ಹಿಂದೆ ಬಣ್ಣಗಾರ ಬಾಯಿ ಬಡಿದುಕೊಳ್ಳುತ್ತ ಓಡಿ ಬರುತ್ತಿದ್ದ. ಅವನನ್ನು ನೋಡಿ ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಹೆಣ್ಣಿನ ತಂದಿ ಇರಬೇಕು, ಪಾಪ. ಮಗಳನ್ನ ಭಾಳ ಹಚ್ಚಿಗೊಂಡಿದ್ದ ಕಾಣತೈತಿ."

೪. ಮೂಡಣ ಬಾಗಿಲು

ಎಲ್ಲ ಮುಗಿಯಿತು ಎನ್ನುವಾಗ ಅವ್ವಾರು ಒಂದು ಮಾತು ತೆಗೆದರು. "ಪೂಜಾ ಮಾಡೂ ಮುಂದ ಮನಿ ಬಾಗಲಾ ಮೂಡಣಕ್ಕಿರಬೇಕು. ಇಲ್ಲಂದ್ರ ನಾ ಬರೂದಿಲ್ಲ."

ಸಾಹೇಬರು ಹಿಗ್ಗಿದರು. ಹುಕ್ಕೇರಿ ನಮಗೆ ಪಡುವಣಕ್ಕೆ. ಬಸ್ಸು ಪಡುವಣಕ್ಕೆ ಮುಖ ಮಾಡಿದರೆ ಹಿಂದಿನ ಬಾಗಿಲು ತಾನೇ ಮೂಡಣಕ್ಕೆ! ಆದರೆ ಹುಕ್ಕೇರಿಗೆ ಹೋಗುವ ಮೊದಲು ಬಸ್ಸನ್ನೊಮ್ಮೆ ಓಡಿಸಿ ನೋಡಬೇಕಲ್ಲ. ಮೂಡಲಗಿ ಸಂತೆಗೆ ಹೊರಟೆವು. ಮೂಡಲಗಿ ಇರುವುದು ಮೂಡಣದ ಕಡೆಗೆ. ನಾಗನೂರು ದಾಟುವಷ್ಟರಲ್ಲಿ ಅವ್ವಾರ ಪೂಜೆಯ ಹೊತ್ತಾಯಿತು.

"ಬಸ್ಸ ನಿಂದರಸ್ರಿ, ಪೂಜಾ ಮುಗೀಲಿ" ಎಂದೆ.

"ಸಂತಿ ಮುಗೀತೈತಿ" ಎಂದರು ಸಾಹೇಬರು.

"ಹಂಗಾರ ಹೆಂಗ್ರಿ?"

ಅವ್ವಾರು ಕಣ್ಣು ಮುಚ್ಚಿಕೊಂಡೇ ಹೇಳಿದರು, "ಹಿಂದ ಹಿಂದ ಹೋಗ್ರಿ."

ಡ್ರೈವರ ಶಿವಶಿವಾ ಎನ್ನುತ್ತ ಬಸ್ಸಿನ ಮುಖವನ್ನು ಗೋಕಾಕದ ಕಡೆಗೆ ತಿರುಗಿಸಿದ. ಕುತ್ತಿಗೆ ಹೊರಳಿಸಿಕೊಂಡು ಬಸ್ಸನ್ನು ಹಿಂದೆ ಹಿಂದೆ ಮೂಡಲಗಿಯ ಕಡೆಗೆ ಬಿಟ್ಟ. ಆನೆ ಹಳ್ಳಕ್ಕೆ ಇಳಿದಹಾಗೆ ನಿಧಾನವಾಗಿ ಹೋಗುತ್ತಿತ್ತು. ದಾರಿಯಲ್ಲಿ ಡ್ರೈವರ ಕುತ್ತಿಗೆ ನೀವಿಕೊಳ್ಳಲು ಬಸ್ಸು ನಿಲ್ಲಿಸಿದಾಗ, ಬುತ್ತಿಗಂಟು ಹಿಡಿದ ಒಬ್ಬ ಮುದುಕ ಬಸ್ಸಿನ ಮುಖ ನೋಡಿ, ಗೋಕಾಕಕ್ಕೆ ಹೊರಟಿದೆ ಎಂದುಕೊಂಡು, ಕೇಳದೆ ಹೇಳದೆ ಡ್ರೈವರನ ಬಾಗಿಲಿನಿಂದ ಹತ್ತಿ ನನ್ನ ಮಗ್ಗುಲಲ್ಲಿ ಕುಳಿತ. ಕುಳಿತವನೇ ತೂಕಡಿಸಿದ.

ಎಚ್ಚರಾದಾಗ ಬಸ್ಸು ಮೂಡಲಗಿಯಲ್ಲಿತ್ತು. ಮುದುಕ ಇಳಿದು ಸುತ್ತ ನೋಡಿದ, ಬಸ್ಸಿನ ಮುಖ ನೋಡಿದ, ಮತ್ತೆ ಸುತ್ತ ನೋಡಿದ.

"ಯಪ್ಪಾ, ಇದು ಮೂಡಲಗಿ ಅಲ್ಲೇನ?"

"ಹೌದಜ್ಜಾ" ಎಂದೆ.

"ಮುಂಜಾನಿ ಇಲ್ಲಿಂದನ ನಡಕೋತ ಹೊಂಟಿದ್ನಲ್ಲೋ! ಕಾಲ ನೋವಾಗಿ ಬಸ್ಸ ಹತ್ತಿದ್ರ, ನಡದದ್ದೂ ಹೊಳ್ಳಿ ಹೋತಲ್ಲೋ!"

೫. ಹುಕ್ಕೇರಿಯಲ್ಲಿ

ಕೊನೆಗೆ ಹುಕ್ಕೇರಿಗೆ ಹೊರಟೆವು. ಅವ್ವಾರು ಮೂರು ವರ್ಷದ ಮೇಲೆ ಹೋಳಿಗೆ ಮಾಡಿದ್ದರು. ದಾರಿಯುದ್ದಕ್ಕೂ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಬೀಗರು ಕೂಸನ್ನು ತೋರಿಸದೆ ಕದ ಹಾಕಿಕೊಂಡರೆ ಏನು ಗತಿ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಸಂಜೆಯ ಹೊತ್ತಿಗೆ ಬೀಗರ ಮನೆ ಮುಟ್ಟಿದೆವು. ಹಳೆಯ ಕಾಲದ ಮನೆ. ಕಳ್ಳಕಾಕರ ಭಯಕ್ಕೆ ಸುತ್ತಲೂ ಗೋಡೆ, ಒಳಗೆ ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು. ಬೀಗರು ಬಾಗಿಲೊಳಗೆ ನಿಂತಿದ್ದರು. ಅಳಿಯ ಬೆಲ್ಲದ ಗಾಡಿಯ ಜೊತೆ ಪರವೂರಿಗೆ ಹೋಗಿದ್ದ.

ಸಾಹೇಬರು ಕಿಟಕಿಯಿಂದ ಕೂಗಿದರು. "ನಾ ನಮ್ಮ ಮನ್ಯಾಗ ಅದೇನ್ರಿ!"

"ನಾನೂ ನಮ್ಮ ಮನ್ಯಾಗ ಅದೇನ್ರಿ!" ಎಂದರು ಬೀಗರು.

ಅಷ್ಟೆ. ಇಬ್ಬರೂ ಗೆದ್ದವರ ಹಾಗೆ ನಿಂತರು. ಮಗಳು ಕೂಸನ್ನು ಎತ್ತಿಕೊಂಡು ಮಾವನ ಬೆನ್ನ ಹಿಂದೆ ಬಂದು ನಿಂತಳು. ಇತ್ತ ಅವ್ವಾರು, ಮನೆಗೆ ಬೆನ್ನು ಮಾಡಿ ನಿಂತ ಬಸ್ಸಿನ ಹಿಂದಿನ ಬಾಗಿಲಲ್ಲಿ. ನಡುವೆ ಹತ್ತಿಪ್ಪತ್ತು ಹೆಜ್ಜೆ ಅಂಗಳ. ಇವರು ಇಳಿಯುವಂತಿಲ್ಲ, ಅವರು ಹತ್ತುವಂತಿಲ್ಲ. ಗಂಡಸರ ಹಟ, ಹೆಂಗಸರ ಕಣ್ಣೀರು. ನನಗೆ ಎಂಥ ಸಿಟ್ಟು ಬಂತೆಂದರೆ ಇಬ್ಬರು ಯಜಮಾನರಿಗೂ ಒಂದೊಂದು ಹತ್ತರಿ ಹೊಡೆಯಬೇಕೆನಿಸಿತು.

ಆಗ ಅವ್ವಾರು ಡ್ರೈವರನಿಗೆ ಹೇಳಿದರು. "ತಮ್ಮಾ, ಹಿಂದ ತಗೋ. ನನ್ನ ಹೊಸ್ತಿಲಾ ಅವರ ಹೊಸ್ತಿಲಕ್ಕ ಹತ್ತೂತನಕ ತಗೋ."

ಬಸ್ಸು ಹಿಂದೆ ಸರಿಯಿತು. ಬಾಗಿಲಿಗೆ ಇನ್ನೊಂದು ಮೊಳ ಇರುವಾಗ ನೆಲ ದಡಕ್ಕೆಂದಿತು. ಬಾಗಿಲ ಮುಂದೆ ಹಳೆಯದೊಂದು ಹಗೇವು, ಜೋಳ ತುಂಬಿಡುವ ನೆಲದೊಳಗಿನ ಕಣಜ, ಮುಚ್ಚಿ ಬಿಟ್ಟದ್ದು ಅಲ್ಲಿತ್ತು. ಹಿಂದಿನ ಗಾಲಿ ಎರಡೂ ಅದರೊಳಗೆ ಕುಸಿದವು. ಬಸ್ಸು ಕುಂಡೆಯೂರಿ ಕುಳಿತಿತು. ಎತ್ತರದಲ್ಲಿದ್ದ ನಮ್ಮ ಹೊಸ್ತಿಲು ಉಳಿದ ಮೊಳವನ್ನೂ ಜಾರಿ ಇಳಿದು ಹೋಗಿ ಅವರ ಹೊಸ್ತಿಲಿಗೆ ಸರಿಯಾಗಿ ಕೂತಿತು. ಸಾಹೇಬರು ಬಗ್ಗಿ ಅಳೆದು ನೋಡಿ, "ಒಂದ ಬೆರಳ ಫರಕ ಇಲ್ಲ" ಎಂದರು.

ಕೂಸು ತಾಯಿಯ ಕಂಕುಳಿಂದ ಜಾರಿ ಇಳಿಯಿತು. ಪ್ರತಿಜ್ಞೆ ಮಾಡಿದವರೆಲ್ಲ ನೋಡುತ್ತಿದ್ದಂತೆ ಎರಡೂ ಹೊಸ್ತಿಲು ದಾಟಿ ಸೀದಾ ಅವ್ವಾರ ಮುಂದೆ ಬಂದು, "ನೀ ಯಾರ?" ಎಂದು ಕೇಳಿತು. ಅವ್ವಾರು ಕೂಸನ್ನು ಅವಚಿಕೊಂಡು ಕುಳಿತುಬಿಟ್ಟರು. ಸುಳ್ಳು ಯಾಕೆ ಹೇಳಲಿ, ನಾನೂ ಅತ್ತೆ. ಆಮೇಲೆ ತಾಯಿ ತನ್ನ ಹೊಸ್ತಿಲ ಮೇಲೆ, ಮಗಳು ತನ್ನ ಹೊಸ್ತಿಲ ಮೇಲೆ, ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಳಿತು ಕತ್ತಲಾಗುವವರೆಗೂ ಮಾತಾಡಿದರು. ಹೋಳಿಗೆ ಇತ್ತಲಿಂದ ಅತ್ತ ಹೋಯಿತು, ತುಪ್ಪ ಅತ್ತಲಿಂದ ಇತ್ತ ಬಂತು. ಗಂಡಸರಿಬ್ಬರೂ ತಮ್ಮತಮ್ಮ ಮನೆಯಲ್ಲಿ ಬೆನ್ನು ತಿರುಗಿಸಿ ಕುಳಿತು ಅದನ್ನೇ ಉಂಡರು.

ಎರಡು ಜೋಡಿ ಎತ್ತು ಕಟ್ಟಿ ಎಳೆಸಿದರೂ ಬಸ್ಸು ಮಿಸುಕಲಿಲ್ಲ. ನಾಳೆ ನಾಲ್ಕು ಜೋಡಿ ತರುತ್ತೇವೆಂದು ಎತ್ತಿನವರು ಹೋದರು. ಬೀಗರ ಮನೆಯ ಇದ್ದೊಂದು ಬಾಗಿಲಿಗೆ ನಮ್ಮ ಬಸ್ಸು ಬಿರಡೆ ಹಾಕಿದಂತಾಗಿತ್ತು. ಅದರ ಅರ್ಥ ಏನೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಬೆಳಗಿನ ಜಾವ, ಮೊದಲು ಬೀಗರಿಗೆ. ನಾನು ಕಣ್ಣು ಬಿಟ್ಟಾಗ ಅವರು ತಮ್ಮ ಹೊಸ್ತಿಲೊಳಗೆ ಕೈಯಲ್ಲಿ ನೀರಿನ ಚರಗಿ ಹಿಡಿದು, ಒಮ್ಮೆ ಈ ಕಾಲ ಮೇಲೆ ಒಮ್ಮೆ ಆ ಕಾಲ ಮೇಲೆ ನಿಲ್ಲುತ್ತಿದ್ದರು. ಹೊಲದ ಕಡೆಗೆ ಹೋಗಬೇಕಾದರೆ ನಮ್ಮ ಹೊಸ್ತಿಲು ತುಳಿದು, ನಮ್ಮ ಒಲೆ ದಾಟಿ, ಡ್ರೈವರನ ಬಾಗಿಲಿನಿಂದ ಇಳಿಯಬೇಕು. ಸಾಹೇಬರು ಹಾಸಿನ ಮೇಲೆ ಎದ್ದು ಕುಳಿತರು. ಐದು ವರ್ಷದಲ್ಲಿ ಅವರ ಮುಖದ ಮೇಲೆ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ.

"ಆರಾಮ ಅದೀರೇನ್ರಿ, ಬೀಗರ?"

"ಅದೇನ್ರಿ" ಎಂದರು ಬೀಗರು, ಹಲ್ಲು ಕಚ್ಚಿ.

"ತಿರಗಾಡಾಕ ಹೊಂಟೀರಿ ಕಾಣತೈತಿ?"

"ಹೋಗಬೇಕಂತ ಐತ್ರಿ."

"ನಡುವ ನಮ್ಮ ಹೊಸ್ತಿಲಾ ಐತಿ ನೋಡ್ರಿ. ನಿಮ್ಮ ಪ್ರತಿಜ್ಞಾ?"

ಬೀಗರು ಒಂದು ಕ್ಷಣ ತಡೆದರು. ಮತ್ತೊಂದು ಕ್ಷಣ ತಡೆಯುವುದು ಅವರಿಂದಾಗಲಿಲ್ಲ. ಧೋತರ ಎತ್ತಿ ಹಿಡಿದು, ಹೊಸ್ತಿಲಿನ ಮೇಲೆ ಕಾಲೂರಿ ಒಳಗೆ ನುಗ್ಗಿದರು.

"ಪ್ರತಿಜ್ಞಾ ಮಾಡಿದ್ದು ಬಾಯಿರಿ, ಸಾಹೇಬ್ರ! ಈಗ ಅವಸರ ಆಗಿದ್ದು ಅದಕ್ಕಲ್ಲ. ಸರೀರಿ!"