ನಾಲ್ವರು ಗೆರಾಸಿಮೂಲಾಗಳು, ಒಂದೇ ಪುಟ

"ಹೊಸ ಪುಟ ತೆರೆಯಲು ಮೇಲಿನ ಎಡಮೂಲೆಯಲ್ಲಿ 'ಫೈಲ್' ಎಂದಿರುವಲ್ಲಿ ಒತ್ತಿ, 'ಹೊಸದು' ಎಂಬುದನ್ನು ಆರಿಸಿ. ಖಾಲಿ ಪುಟ ಕಂಡರೆ ಗಾಬರಿ ಬೇಡ, ಅದು ಖಾಲಿಯಾಗಿಯೇ ಇರಬೇಕು. ಬರೆದೊಡನೆ ಪುಟವನ್ನು ಉಳಿಸಿ. ಉಳಿಸುವಾಗ ಯಂತ್ರ ಹೆಸರು ಕೇಳುತ್ತದೆ. ಬಾಗಿಲಿನ ಪುಟಕ್ಕೆ 'ಇಂಡೆಕ್ಸ್' ಎಂದೇ ಹೆಸರಿಡಬೇಕು, ಇದರಲ್ಲಿ ಚರ್ಚೆಯಿಲ್ಲ. ಉಳಿದ ಪುಟಗಳಿಗೆ, ಅದು ಯಾರ ಪುಟವೆಂದು ತಟ್ಟನೆ ತಿಳಿಯುವಂಥ ಹೆಸರಿಡಿ. ಹೆಸರು ಚಿಕ್ಕದಿರಲಿ, ನಡುವೆ ಜಾಗ ಬಿಡಬೇಡಿ. ಒಮ್ಮೆ ಲೋಕಕ್ಕೆ ಹೋದ ಹೆಸರನ್ನು ಆಮೇಲೆ ಬದಲಾಯಿಸಬೇಡಿ. ಅದೇ ನಿಮ್ಮ ವಿಳಾಸ. ಐದು ನಿಮಿಷಕ್ಕೊಮ್ಮೆ ಉಳಿಸುತ್ತಿರಿ. ಉಳಿಸದ ಪುಟವೂ ಒಂದೇ, ಬರೆಯದ ಪುಟವೂ ಒಂದೇ."

ಟೀಚರ್ ದನಾಯಿ ಕೊಟ್ಟುಹೋಗಿದ್ದ ಈ ಹಾಳೆಯನ್ನು ಗೆರಾಸಿಮೂಲಾ ಬೆಳಗಿನ ಪ್ರಾರ್ಥನೆಯಷ್ಟೇ ಭಕ್ತಿಯಿಂದ ಓದುತ್ತಿದ್ದಳು. ಟೀಚರ್ ಅಥೆನ್ಸಿನ ಹುಡುಗಿ. ಕೆಫಲೋನಿಯಾ ದ್ವೀಪದ ಹೆಂಗಸರ ಸಂಘಗಳಿಗೆಲ್ಲ ಕಂಪ್ಯೂಟರ್ ಕಲಿಸಲು ಬಂದವಳು. ಶನಿವಾರ ಮಧ್ಯಾಹ್ನ ಬಂದು, ತಯಾರಾದ ಪುಟಗಳನ್ನೆಲ್ಲ ಒಂದು ತಟ್ಟೆಯ ಮೇಲೆ (ಊಟದ ತಟ್ಟೆಯಲ್ಲ, ಮಿರಮಿರ ಮಿಂಚುತ್ತದಲ್ಲ, ಅದು) ಇಳಿಸಿಕೊಂಡು ಹೋಗುತ್ತಾಳೆ. ಆಗ ತಪ್ಪಿದರೆ ಮುಂದಿನ ವರ್ಷ.

ಗೆರಾಸಿಮೂಲಾಗೆ ಮುಂದಿನ ವರ್ಷ ಬೇಡವಾಗಿತ್ತು. ಮೂವತ್ತು ವರ್ಷದಿಂದ ಸೇಬಿನ ಜಾತಿಯ ಕಿದೋನಿ ಹಣ್ಣಿನ ಅವಳ ಹಲ್ವಾ ಸಂಘದ ಡಬ್ಬಿಯಲ್ಲಿ, ಸಂಘದ ಮುದ್ರೆಯಲ್ಲಿ ಹಡಗು ಹತ್ತುತ್ತಿತ್ತು. ತಿಂದವರು "ಆಹಾ" ಅನ್ನುತ್ತಿದ್ದರು, ಮಾಡಿದವಳು ಯಾರೆಂದು ಒಬ್ಬರೂ ಕೇಳಿರಲಿಲ್ಲ. ಈಗ ಒಬ್ಬೊಬ್ಬರಿಗೂ ಒಂದು ಪುಟ, ಒಂದು ಫೋಟೋ, ಕೆಳಗೆ ಹೆಸರು! ಸಂಘದ ನಾಲ್ವರು ಹೆಂಗಸರಲ್ಲಿ ಮೂವರು ಆ ಯಂತ್ರವನ್ನು ಕಂಡರೆ ಶಿಲುಬೆಯ ಗುರುತು ಹಾಕಿಕೊಳ್ಳುವವರು. ಹಾಗಾಗಿ ಸಕಲ ಪುಟಗಳ ನಿರ್ಮಾಣ, ನಾಮಕರಣ ಮತ್ತು ಸಂರಕ್ಷಣೆಯ ಮಹಾಭಾರ ಇವಳ ತಲೆಗೇ ಬಂತು. ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ತಾಳ್ಮೆ ಕೇಳಬೇಡಿ, ಹಲ್ವಾ ತಳ ಹಿಡಿಯದಂತೆ ಎರಡು ಗಂಟೆ ಕೈಯಾಡಿಸುವವಳು.

ಸೋಮವಾರ ತನ್ನ ಪುಟ ಮುಗಿಸಿದಳು. ಯಂತ್ರ ಹೆಸರು ಕೇಳಿತು. "ಗೆರಾಸಿಮೂಲಾ" ಎಂದು ಒಂದೇ ಬೆರಳಲ್ಲಿ ಕುಟ್ಟಿ ಉಳಿಸಿದಳು. ಮಂಗಳವಾರ ಪಾದ್ರಿಯ ಹೆಂಡತಿಯ ಪುಟ. ಆಕೆಯ ಹೆಸರೂ ಗೆರಾಸಿಮೂಲಾ. ಈ ದ್ವೀಪದಲ್ಲಿ ಸಂತ ಗೆರಾಸಿಮೋಸನ ಹೆಸರಿಲ್ಲದ ಮನೆ ಹುಡುಕುವುದು ಸಾಸಿವೆಯಿಲ್ಲದ ಒಗ್ಗರಣೆ ಹುಡುಕಿದಂತೆ. ಅಜ್ಜಿಯ ಹೆಸರು ಮೊಮ್ಮಗಳಿಗೆ, ಅವಳದ್ದು ಅವಳ ಮೊಮ್ಮಗಳಿಗೆ. ಉಳಿಸಲು ಹೋದಾಗ ಯಂತ್ರ ಕೇಳಿತು: "ಈ ಹೆಸರಿನ ಪುಟ ಈಗಾಗಲೇ ಇದೆ. ಅದರ ಜಾಗದಲ್ಲಿ ಇದನ್ನು ಇಡಲೇ?"

"ಇದೆ ಮಾರಾಯಾ, ಇಲ್ದೆ ಏನು!" ಎಂದಳು ಗೆರಾಸಿಮೂಲಾ. ಎಷ್ಟು ಮರ್ಯಾದಸ್ಥ ಯಂತ್ರ! ಊರಿನ ಪದ್ಧತಿ ಗೊತ್ತಿಲ್ಲ ಪಾಪ, ಕೇಳುತ್ತಿದೆ. ಇಲ್ಲಿ ಹಳೆಯ ಹೆಸರಿನ ಜಾಗದಲ್ಲೇ ಹೊಸಬರು ಬಂದು ಕೂರುವುದು. 'ಹೌದು' ಒತ್ತಿದಳು. ಬುಧವಾರ ಬೇಕರಿಯವನ ಹೆಂಡತಿ ಗೆರಾಸಿಮೂಲಾ: 'ಹೌದು'. ಗುರುವಾರ ಬಂದರಿನ ಬಳಿಯ ವಿಧವೆ ಗೆರಾಸಿಮೂಲಾ: 'ಹೌದು'.

ಶುಕ್ರವಾರ ಬೆಳಿಗ್ಗೆ ಗಂಡನಿಗೆ ತನ್ನ ಪುಟ ತೋರಿಸಲು ಕರೆದುಕೊಂಡು ಬಂದಳು. ಗಂಡ ಮೆಮಾಸ್ ನಿವೃತ್ತ ನಾವಿಕ. (ಬ್ಯಾಪ್ಟಿಸಂ ಹೆಸರು ಏನೆಂದು ಹೇಳಬೇಕಾಗಿಲ್ಲ, ಅದೂ ಗೆರಾಸಿಮೋಸ್.) ಪುಟ ತೆರೆಯಿತು. ಫೋಟೋದಲ್ಲಿ ಬಂದರಿನವಳು ಮಾಂಡೋಲಾತೊ ಮಿಠಾಯಿಯ ಪಕ್ಕ ನಿಂತು ನಕ್ಕಳು.

"ಏನೇ ಇದು, ನಿನಗೆ ಮೀಸೆ ಬಂದಿದೆ?" ಎಂದ ಮೆಮಾಸ್.

"ತಡಿ, ತಪ್ಪು ಪುಟ." ಮತ್ತೆ ತೆರೆದಳು. ಮತ್ತೆ ಬಂದರಿನವಳು. ಮುಚ್ಚಿ, ಯಂತ್ರ ಆರಿಸಿ, ಬಟ್ಟೆಯಲ್ಲಿ ಒರೆಸಿ, ಹಚ್ಚಿದಳು. ಬಂದರಿನವಳು ಇನ್ನೂ ನಗುತ್ತಲೇ ಇದ್ದಳು.

ಟೀಚರಿಗೆ ಫೋನ್ ಹೋಯಿತು. ಅತ್ತಲಿಂದ ದನಾಯಿ ಉಸಿರೆಳೆದುಕೊಂಡಳು. "ಅಯ್ಯೋ ಅಮ್ಮಾ, ಒಂದೇ ಹೆಸರಲ್ಲಿ ಎರಡು ಪುಟ ಇರಲ್ಲ. ಒಂದರ ಮೇಲೊಂದು ಬರೆದುಬಿಟ್ಟಿದ್ದೀರಿ. ಕೊನೇದು ಮಾತ್ರ ಉಳಿದಿದೆ. ಮಿಕ್ಕ ಮೂರು ಮತ್ತೆ ಮಾಡಿ, ಬೇರೆ ಬೇರೆ ಹೆಸರು ಕೊಡಿ."

ಹತ್ತು ಗಂಟೆಗೆ ನಾಲ್ವರೂ ಗೆರಾಸಿಮೂಲಾಗಳು ಸಂಘದ ಅಡುಗೆಮನೆಯಲ್ಲಿ ಸೇರಿದರು.

"ಮನೆತನದ ಹೆಸರು ಹಾಕಿದ್ರೆ?" ಎಂದಳು ನಮ್ಮವಳು.

"ನಾಲ್ಕೂ ಜನ ಒಂದೇ ಮನೆತನಕ್ಕೆ ಸೊಸೆಯರಾಗಿ ಬಂದಿದ್ದೀವಲ್ಲೇ!" ಎಂದರು ಪಾದ್ರಿಯಮ್ಮ.

"ಒಂದು, ಎರಡು, ಮೂರು ಅಂತ ಹಾಕಿ," ಎಂದಳು ಬೇಕರಿಯವಳು.

"ನಾಲ್ಕನೇದು ಯಾರು?" ಬಂದರಿನವಳು ಸೊಂಟದ ಮೇಲೆ ಕೈಯಿಟ್ಟಳು. ಅಂಕಿಗಳ ಮಾತು ಅಲ್ಲಿಗೇ ಸತ್ತಿತು.

"ಹಾಗಾದ್ರೆ ನಿಂದು 'ಬೇಕರಿ' ಅಂತಿರಲಿ?" ನಮ್ಮವಳು ಬೇಕರಿಯವಳತ್ತ ತಿರುಗಿದಳು.

"ಬೇಕರಿ ನನ್ನ ಗಂಡಂದು, ಬಾದಾಮಿ ಮಿಠಾಯಿ ನಂದು," ಎಂದಳು ಬೇಕರಿಯವಳು. "ಇಪ್ಪತ್ತೆಂಟು ವರ್ಷ ಅವನ ಬೋರ್ಡಿನ ಕೆಳಗೇ ನಿಂತಿದ್ದು ಸಾಲದೇನೇ?"

"ನನ್ನ ಪುಟಕ್ಕೆ ಚರ್ಚ್ ಅಂತ ಹಾಕಬೇಡ," ಎಂದು ಪಾದ್ರಿಯಮ್ಮ ಮೊದಲೇ ಬೇಲಿ ಹಾಕಿದರು. "ದೇವರ ಹೆಸರಲ್ಲಿ ಸಕ್ಕರೆ ಮಾರ್ತಾಳೆ ಅಂತಾರೆ."

ಬಾಗಿಲಲ್ಲಿ ಜಪಮಣಿ ತಿರುಗಿಸುತ್ತ ಕೂತಿದ್ದ ಮೆಮಾಸ್ ಗಂಟಲು ಸರಿಮಾಡಿಕೊಂಡ. "ಊರಲ್ಲಿ ನಿಮ್ಮನ್ನ ಹೇಗೆ ಗುರುತು ಹಿಡೀತಾರೋ ಹಾಗೇ ಹಾಕ್ರಪ್ಪ."

ಪಾದ್ರಿಯಮ್ಮ ತಟ್ಟನೆ ಶಿಲುಬೆಯ ಗುರುತು ಹಾಕಿಕೊಂಡರು. ಊರಲ್ಲಿ ಗುರುತು ಹಿಡಿಯುವುದು ಅಡ್ಡಹೆಸರಿನಿಂದ. ಪ್ರತಿಯೊಬ್ಬರಿಗೂ ಒಂದುಂಟು, ಎಲ್ಲರಿಗೂ ಗೊತ್ತುಂಟು, ಹೊತ್ತವರಿಗೆ ಮಾತ್ರ ಗೊತ್ತಿರಬಾರದು. ಎದುರಿಗೆ ಅಂದರೆ ಎರಡು ಪೀಳಿಗೆ ಮಾತು ಬಿಡುತ್ತಾರೆ.

ಆದರೆ ಗಡಿಯಾರ ಓಡುತ್ತಿತ್ತು. "ಯಾರೂ ಸಿಟ್ಟಾಗಬಾರದು," ಎಂದು ಗೆರಾಸಿಮೂಲಾ ಕುರ್ಚಿ ಎಳೆದುಕೊಂಡಳು. ಊರಿನ ಅಡ್ಡಹೆಸರುಗಳೆಲ್ಲ ಅವಳ ಕಿವಿಯಲ್ಲಿ ಭದ್ರವಾಗಿದ್ದವು. ಪಾದ್ರಿಯಮ್ಮನ ಪುಟಕ್ಕೆ, ಆಕೆ ಚರ್ಚಿನಲ್ಲಿ ಹಾಡುವ ವೈಖರಿಯನ್ನು ನೆನೆದು, 'ಹಡಗಿನಸಿಳ್ಳೆ' ಎಂದು ಕುಟ್ಟಿದಳು. ಬೇಕರಿಯವಳಿಗೆ 'ಅರ್ಧಚಮಚ' (ಕಾಫಿಗೆ ಸಕ್ಕರೆ ಹಾಕುವ ಕೈ ಬಿಗಿ). ಬಂದರಿನವಳ ಉಳಿದಿದ್ದ ಪುಟಕ್ಕೂ ಹೊಸ ಹೆಸರು: 'ಸೇನಾಪತಿ'.

"ನಾನೇ? ಹಡಗಿನ ಸಿಳ್ಳೆಯೇ?" ಪಾದ್ರಿಯಮ್ಮ ಎದೆ ಹಿಡಿದುಕೊಂಡರು. "ಯಾವಾಗಿಂದ?"

"ನೀವು ಮದುವೆಯಾಗಿ ಬಂದ ಮೊದಲ ಈಸ್ಟರಿಂದ," ಎಂದ ಮೆಮಾಸ್. ಬಂದರಿನವಳು ಮಾತ್ರ 'ಸೇನಾಪತಿ' ಎಂಬುದನ್ನು ಎರಡು ಸಲ ಓದಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಅಡ್ಡಿಯಿಲ್ಲ ಎಂದಳು.

ಸಂಜೆಯ ಹೊತ್ತಿಗೆ ಮೂರೂ ಮುಗಿದವು. ಇನ್ನು ತನ್ನದು, ಅದೂ ಬರೆದಾಗಿತ್ತು, ಹೆಸರಷ್ಟೇ ಬಾಕಿ. ಗೆರಾಸಿಮೂಲಾ ವಿನಯದಿಂದ ತಲೆ ತಗ್ಗಿಸಿದಳು. "ಸಂತನ ದಯೆ, ನನಗೆ ಅಡ್ಡಹೆಸರು ಅಂತ ಏನೂ ಇಲ್ಲ. ಜಗಳ ಇಲ್ಲ, ಗಲಾಟೆ ಇಲ್ಲ, ಹೇಳಿದ್ದು ಕೇಳಿಸಿಕೊಂಡು ಇರೋಳು. ನಂದು ಗೆರಾಸಿಮೂಲಾ ಅಂತಲೇ ಇರಲಿ ಬಿಡಿ."

ಬೇಕರಿಯವಳು ಸೂರು ನೋಡಿದಳು. ಪಾದ್ರಿಯಮ್ಮನಿಗೆ ಎಲ್ಲಿಲ್ಲದ ಕೆಮ್ಮು ಬಂತು.

"ಏಳು," ಎಂದಳು ಸೇನಾಪತಿ. "ನಾನು ಒತ್ತುತ್ತೀನಿ."

"ನಿನಗೆ ಬರಲ್ವಲ್ಲೇ?"

"ಈ ಒಂದು ಮಾತು ಬರುತ್ತೆ."

ಯಂತ್ರ ಕಂಡರೆ ಹೆದರುತ್ತಿದ್ದ ಆ ಮಹಾತಾಯಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಪರದೆಯ ಮೇಲೆ ನಿಧಾನವಾಗಿ, ನಡುವೆ ಜಾಗವಿಲ್ಲದೆ, ಮೂಡಿತು: 'ಬೀಗದಕಿಂಡಿ'.

ಗೆರಾಸಿಮೂಲಾ ಗಂಡನ ಕಡೆ ತಿರುಗಿದಳು. "ಮೆಮಾಸ್?"

"ಒಳ್ಳೇ ಅರ್ಥದಲ್ಲೇ ಕಣೇ. ನಿನ್ನ ಕಣ್ಣು-ಕಿವಿಗೆ ಏನೂ ತಪ್ಪಲ್ಲ ಅಂತ."

"ನಿನಗೂ ಗೊತ್ತಿತ್ತಾ?"

"ಹೆಣ್ಣು ನೋಡೋಕೆ ಬಂದಾಗ ನಿಮ್ಮ ಮನೆ ದಾರಿ ಕೇಳಿದ್ದೇ ಹಾಗೆ."

ಅಳಬೇಕೋ ನಗಬೇಕೋ ತಿಳಿಯದೆ ಅವಳು ಪರದೆಯನ್ನೇ ನೋಡಿದಳು. 'ಉಳಿಸಲೇ?' ಎಂದು ಯಂತ್ರ ಕಾಯುತ್ತಿತ್ತು. ಬೇಡವೆಂದರೆ ಹಲ್ವಾ ಇನ್ನೊಂದು ವರ್ಷ ಅನಾಮಧೇಯ. ಪುಟದೊಳಗೆ ಮಾತ್ರ, ಫೋಟೋದ ಕೆಳಗೆ, ದಪ್ಪ ಅಕ್ಷರದಲ್ಲಿ ಅವಳ ನಿಜನಾಮ ಇದ್ದೇ ಇತ್ತು. ಉಳಿದ ಮೂವರೂ ನುಂಗಿಕೊಂಡಿದ್ದರಲ್ಲ, ತಾನೂ ನುಂಗಿದಳು. ಒತ್ತಿದಳು. ಶನಿವಾರ ದನಾಯಿ ಬಂದು, ಹೆಸರುಗಳನ್ನು ಓದಿ, ತುಟಿ ಕಚ್ಚಿಕೊಂಡು, ಎಲ್ಲವನ್ನೂ ತೆಗೆದುಕೊಂಡು ಹೋದಳು.

ಮೂರು ವಾರ ಕಳೆದು ಯಂತ್ರಕ್ಕೆ ಮೊದಲ ಓಲೆ ಬಂತು. ಪಾತ್ರಾಸ್ ಪಟ್ಟಣದ ಒಬ್ಬಾಕೆ ಬರೆದಿದ್ದಳು. "ಗೌರವಾನ್ವಿತ ಬೀಗದಕಿಂಡಿ ಅವರೇ, ಆ ಹೆಸರು ನೋಡಿಯೇ ನಿಮ್ಮ ಪುಟ ತೆರೆದೆ. ನಮ್ಮಮ್ಮ ಮಾಡುತ್ತಿದ್ದ ಹಲ್ವಾ ಹೀಗೇ ಇರುತ್ತಿತ್ತು, ಕಲಿಯುವ ಮೊದಲೇ ತೀರಿಹೋದರು. ಭಾನುವಾರದ ಹಡಗಿಗೆ ಬಂದರೆ ಕಲಿಸುತ್ತೀರಾ? ಊರಲ್ಲಿ ಯಾರ ಮನೆಯೆಂದು ಕೇಳಲಿ?"

ಸಂಘದ ಹೆಂಗಸರೆಲ್ಲ ಹಿಂದೆ ನಿಂತು ಓದಿದರು. ಸೇನಾಪತಿಯ ಮುಖ ಸಣ್ಣದಾಯಿತು. "ನನ್ನ ಹೆಸರು ಸಪ್ಪೆ ಆಯ್ತು ಅನಿಸುತ್ತೆ. ಬೇರೇದು ಇಡೋಕೆ ಬರುತ್ತೇನೇ?"

"ಬರಲ್ಲ," ಎಂದಳು ಗೆರಾಸಿಮೂಲಾ. "ಹಾಳೆಯಲ್ಲೇ ಇದೆ."

"ಈಗ ಉತ್ತರಕ್ಕೆ ಏನಂತ ಹೆಸರು ಹಾಕ್ತೀಯ?" ಎಂದು ಮೆಮಾಸ್ ಬಾಗಿಲಿಂದಲೇ ಕೆಣಕಿದ.

ಅವಳು ಒಂದೇ ಬೆರಳಲ್ಲಿ ಕುಟ್ಟತೊಡಗಿದಳು: "ಬನ್ನಿ ತಾಯಿ. ಗೆರಾಸಿಮೂಲಾ ಮನೆ ಅಂತ ಕೇಳಿದರೆ ನಾಲ್ಕು ಬಾಗಿಲು ತೋರಿಸುತ್ತಾರೆ. ಬೀಗದಕಿಂಡಿ ಮನೆ ಅನ್ನಿ, ಚಿಕ್ಕ ಮಕ್ಕಳೂ ಕರೆದುಕೊಂಡು ಬಂದು ಬಿಡುತ್ತಾರೆ."

ಕಳಿಸಿ, ಯಂತ್ರಕ್ಕೆ ಬಟ್ಟೆ ಹೊದಿಸಿ ಎದ್ದಳು. ಭಾನುವಾರಕ್ಕೆ ಹಣ್ಣು ಬೇಕಲ್ಲ. ಬುಟ್ಟಿಯನ್ನು ತೊಡೆಯ ಹತ್ತಿರ ಎಳೆದುಕೊಂಡು, ಒಂದೊಂದೇ ಕಿದೋನಿ ಹಣ್ಣಿನ ಮೈಮೇಲಿನ ಬೂದು ನವಿರನ್ನು ಒದ್ದೆಬಟ್ಟೆಯಿಂದ ಒರೆಸುತ್ತ ಕೂತಳು.